ಸುಗ್ಗಿಯ ದಿನಗಳಲ್ಲಿ ಮನೆಯ ಆರೋಗ್ಯ

ಮಾಘ ಮಾಸ ಕಾಲಿಟ್ಟಿತೆಂದರೆ ಚಿಕ್ಕೋಡಿ, ನಿಪ್ಪಾಣಿ, ರಾಯಬಾಗ, ಅಥಣಿ ಮತ್ತು ಕಾಗವಾಡ ತಾಲೂಕುಗಳ ರೈತಾಪಿ ಮನೆಗಳಲ್ಲಿ ಬಿಡುವೆಂಬುದು ಇರುವುದಿಲ್ಲ. ಕೃಷ್ಣಾ, ದೂಧಗಂಗಾ, ವೇದಗಂಗಾ ನದಿಗಳ ದಂಡೆಯಲ್ಲಿ ಕಬ್ಬಿನ ಕಟಾವು ಇನ್ನೂ ಮುಗಿದಿರುವುದಿಲ್ಲ. ಅಥಣಿಯ ಕಡೆ ಜೋಳದ ರಾಶಿಯ ಕೆಲಸ, ನಿಪ್ಪಾಣಿಯ ಕಡೆ ತಂಬಾಕಿನ ಕೆಲಸ ಕಾದಿರುತ್ತದೆ. ಇದೇ ದಿನಗಳಲ್ಲಿ ಭಾರತ ಹುಣ್ಣಿಮೆಗೆ ಚಿಂಚಲಿಯ ಮಾಯಕ್ಕದೇವಿಯ ಜಾತ್ರೆ ಕೂಡುತ್ತದೆ. ಅದರ ಬೆನ್ನಿಗೆ ಶಿವರಾತ್ರಿ, ಹೋಳಿ, ಯುಗಾದಿ ಬರುತ್ತವೆ. ಊರೂರಿನ ಜಾತ್ರೆಗಳಲ್ಲಿ ಕುಸ್ತಿ, ಕಬಡ್ಡಿ, ಖೋ ಖೋ ಪಂದ್ಯಗಳು ನಡೆಯುತ್ತವೆ. ಮಕ್ಕಳ ಪರೀಕ್ಷೆಯೂ ಸಮೀಪಿಸುತ್ತದೆ.

ದುಡಿಮೆ, ಆಟ, ಹಬ್ಬ, ಬಂಧುಬಳಗದ ಕೂಟ - ಇವೆಲ್ಲವೂ ಒಳ್ಳೆಯವೇ. ಆದರೆ ಮನೆಗೆ ಅವಸರ ಬಂದಾಗ ಮೊದಲು ಬಿಟ್ಟುಹೋಗುವುದು ಯಾರ ಊಟ? ಮೊದಲು ಕಡಿಮೆಯಾಗುವುದು ಯಾರ ನಿದ್ರೆ? ಸತಿಪತಿಗಳಿಬ್ಬರೂ ಕುಳಿತು ವಿಚಾರಿಸಬೇಕಾದ ಪ್ರಶ್ನೆ ಇದು. ಈ ಪಾಠದ ವಿಷಯವೂ ಇದೇ.

ಒಂದು ಮನೆಯ ಕಥೆ

ರಾಯಬಾಗ ತಾಲೂಕಿನ ಒಂದು ಹಳ್ಳಿಯಲ್ಲಿ ಒಂದು ಕುಟುಂಬವಿದೆಯೆಂದು ಭಾವಿಸೋಣ. ಗಂಡ, ಹೆಂಡತಿ, ಮುದುಕಿಯಾದ ಅತ್ತೆ, ಮೂವರು ಮಕ್ಕಳು. ಹಿರಿಯ ಮಗಳಿಗೆ ಹದಿನಾಲ್ಕು ವರ್ಷ. ಶಾಲೆಯ ಖೋ ಖೋ ತಂಡದಲ್ಲಿದ್ದಾಳೆ. ಮಗನಿಗೆ ಹನ್ನೆರಡು, ಅವನಿಗೆ ಕಬಡ್ಡಿಯ ಹುಚ್ಚು. ಕಡೆಯ ಮಗು ಒಂದೂವರೆ ವರ್ಷದ್ದು. ಇನ್ನೂ ತಾಯಿಯ ಹಾಲು ಕುಡಿಯುತ್ತದೆ.

ತಾಯಿ ನಸುಕಿನ ನಾಲ್ಕಕ್ಕೆ ಎದ್ದು ರೊಟ್ಟಿ ಬಡಿಯುತ್ತಾಳೆ. ಮಗಳು ನೀರು ತಂದು, ಕಸ ಗುಡಿಸಿ, ಕೂಸನ್ನು ಎತ್ತಿ ಆಡಿಸಿ, ಒಂದು ಬಟ್ಟಲು ಚಹಾ ಕುಡಿದು ಶಾಲೆಗೆ ಓಡುತ್ತಾಳೆ. ಮಗನಿಗೆ ಮಾತ್ರ ‘ಆಡುವ ಹುಡುಗ’ನೆಂದು ಹಾಲು, ಶೇಂಗಾ, ಮೊಟ್ಟೆ ದೊರೆಯುತ್ತವೆ. ರಾತ್ರಿ ಗಂಡಸರು ಮತ್ತು ಮಗ ಉಂಡ ನಂತರ ಅತ್ತೆ, ಅನಂತರ ಮಗಳು, ಎಲ್ಲರ ಕೊನೆಗೆ ತಾಯಿ. ಅಷ್ಟು ಹೊತ್ತಿಗೆ ಕಾಳಿನ ಪಲ್ಯದ ಪಾತ್ರೆಯಲ್ಲಿ ರಸವಷ್ಟೇ ಉಳಿದಿರುತ್ತದೆ.

ಶಿವರಾತ್ರಿಯ ಮುಂಚಿನ ವಾರ ಮಗಳು ಆಟದ ಬಯಲಿನಲ್ಲಿ ತಲೆ ಸುತ್ತಿ ಬಿದ್ದಳು. “ಅವ್ವಾ, ಎರಡು ಸಲ ಓಡಿದರೆ ದಮ್ಮು ಹತ್ತುತ್ತದೆ” ಎಂದು ಅವಳು ತಿಂಗಳಿನಿಂದ ಹೇಳುತ್ತಿದ್ದಳು. ಬಿಸಿಲಿನ ದೆಸೆಯೆಂದು ತಾಯಿ ಸುಮ್ಮನಿದ್ದಳು. ಅತ್ತೆಯಾದರೋ, “ಹೆಣ್ಣುಮಗಳಿಗೆ ಈ ಓಟವೇಕೆ? ಯುಗಾದಿ ಆದಮೇಲೆ ಸಂಬಂಧ ನೋಡಿರಿ” ಎಂದಳು. ತಂದೆ ಏನೂ ಹೇಳಲಿಲ್ಲ. ಆಟವೇ ರೋಗಕ್ಕೆ ಕಾರಣವೆಂದು ಮನೆಯವರೆಲ್ಲರೂ ನಂಬಿದ್ದರು.

ದೈಹಿಕ ಶಿಕ್ಷಕರ ಒತ್ತಾಯದಿಂದ ತಾಯಿ ಮಗಳನ್ನು ಪ್ರಾಥಮಿಕ ಆರೋಗ್ಯ ಕೇಂದ್ರಕ್ಕೆ ಕರೆದೊಯ್ದಳು. ಬೆರಳಿನಿಂದ ಒಂದು ಹನಿ ರಕ್ತ ತೆಗೆದು ನೋಡಿದಾಗ ಹಿಮೋಗ್ಲೋಬಿನ್ 9 ಗ್ರಾಂ ಇತ್ತು. ವೈದ್ಯರು ತಾಯಿಯ ಕಣ್ಣಿನ ಕೆಳರೆಪ್ಪೆಯನ್ನು ನೋಡಿ, “ನಿಮ್ಮದನ್ನೂ ನೋಡೋಣ, ತಾಯಿ” ಎಂದರು. ತಾಯಿಯದು ಮಗಳಿಗಿಂತಲೂ ಕಡಿಮೆಯಿತ್ತು.

ದಣಿವೋ, ರಕ್ತಹೀನತೆಯೋ?

ನಾವು ಉಸಿರಾಡುವ ಗಾಳಿಯಲ್ಲಿನ ಪ್ರಾಣವಾಯುವನ್ನು ಮೈಯ ಮೂಲೆಮೂಲೆಗೂ ಹೊತ್ತೊಯ್ಯುವುದು ರಕ್ತದಲ್ಲಿರುವ ಹಿಮೋಗ್ಲೋಬಿನ್ ಎಂಬ ಕೆಂಪು ವಸ್ತು. ಇದರ ತಯಾರಿಕೆಗೆ ಕಬ್ಬಿಣಾಂಶ ಬೇಕು. ಕಬ್ಬಿಣಾಂಶ ಸಾಲದಿದ್ದರೆ ಬಂಡಿಗಳು ಕಡಿಮೆಯಾದ ಕಬ್ಬಿನ ಹೊಲದಂತೆ ಮೈಯ ಕೆಲಸ ನಿಲ್ಲುತ್ತದೆ. ಬೇಗ ದಣಿವು, ಎದೆ ಬಡಿತ, ಏದುಸಿರು, ತಲೆಸುತ್ತು, ಬಿಳಿಚಿದ ಉಗುರು ಮತ್ತು ನಾಲಗೆ, ಓದಿನಲ್ಲಿ ಮನಸ್ಸು ನಿಲ್ಲದಿರುವುದು - ಇವು ರಕ್ತಹೀನತೆಯ ಲಕ್ಷಣಗಳು.

ನೂರು ಮಿಲಿಲೀಟರ್ ರಕ್ತದಲ್ಲಿ ಹಿಮೋಗ್ಲೋಬಿನ್ ಪ್ರಮಾಣವು 12ರಿಂದ 14 ವರ್ಷದ ಹುಡುಗ ಹುಡುಗಿಯರಲ್ಲಿಯೂ, ಗರ್ಭಿಣಿಯಲ್ಲದ ಸ್ತ್ರೀಯರಲ್ಲಿಯೂ 12 ಗ್ರಾಂಗಿಂತ ಕಡಿಮೆಯಿರಬಾರದು. ಗರ್ಭಿಣಿಯರಲ್ಲಿ 11 ಗ್ರಾಂ, ವಯಸ್ಕ ಪುರುಷರಲ್ಲಿ 13 ಗ್ರಾಂಗಿಂತ ಕಡಿಮೆಯಾದರೆ ರಕ್ತಹೀನತೆಯೆನ್ನುತ್ತಾರೆ. ನಮ್ಮ ರಾಜ್ಯದಲ್ಲಿ 15ರಿಂದ 49 ವರ್ಷದ ಸ್ತ್ರೀಯರ ಪೈಕಿ ಹೆಚ್ಚುಕಡಿಮೆ ಅರ್ಧದಷ್ಟು ಜನರಿಗೆ ರಕ್ತ ಕಡಿಮೆಯಿದೆಯೆಂದು 2019-21ರ ರಾಷ್ಟ್ರೀಯ ಕುಟುಂಬ ಆರೋಗ್ಯ ಸಮೀಕ್ಷೆಯಿಂದ ತಿಳಿದುಬಂದಿದೆ. ಆದುದರಿಂದ ಇದು ಒಂದು ಮನೆಯ ಕಥೆಯಲ್ಲ.

ಹೆಣ್ಣುಮಕ್ಕಳಿಗೆ ಇದು ಏಕೆ ಹೆಚ್ಚು? ಹದಿಹರೆಯದಲ್ಲಿ ಮೈ ವೇಗವಾಗಿ ಬೆಳೆಯುತ್ತದೆ. ಪ್ರತಿ ತಿಂಗಳ ಮುಟ್ಟಿನಲ್ಲಿ ರಕ್ತ ಹೋಗುತ್ತದೆ. ಬರಿಗಾಲಿನಲ್ಲಿ ತಿರುಗುವವರ ಪಾದದ ಚರ್ಮದ ಮೂಲಕ ಕೊಕ್ಕೆಹುಳು ಒಳಸೇರಿ ಕರುಳಿನಲ್ಲಿ ರಕ್ತ ಹೀರುತ್ತದೆ. ಇಷ್ಟಿದ್ದರೂ ಪುಷ್ಟಿಯ ಆಹಾರ ಅವರ ಎಡೆಗೆ ಕೊನೆಯಲ್ಲಿ ಬರುತ್ತದೆ. ಹುಡುಗಿಯನ್ನು ಆಟ ಬೀಳಿಸಲಿಲ್ಲ. ಅವಳಲ್ಲಿದ್ದ ಕೊರತೆಯನ್ನು ಆಟವು ಎತ್ತಿ ತೋರಿಸಿತು.

ಊಟದ ಸರತಿಯನ್ನು ಬದಲಾಯಿಸಿರಿ

ಕಬ್ಬಿಣಾಂಶವುಳ್ಳ ಆಹಾರಕ್ಕಾಗಿ ಪೇಟೆಗೆ ಹೋಗಬೇಕಾಗಿಲ್ಲ. ಮೆಂತ್ಯೆ, ರಾಜಗಿರಿ, ನುಗ್ಗೆಸೊಪ್ಪು, ಮಡಿಕೆಕಾಳು, ಅಲಸಂದಿ, ಕಡಲೆ, ಎಳ್ಳು, ಶೇಂಗಾ ಇವು ನಮ್ಮ ಹೊಲಹಿತ್ತಲುಗಳಲ್ಲಿಯೇ ಬೆಳೆಯುತ್ತವೆ. ಕಾಳುಗಳನ್ನು ನೆನೆಸಿ ಮೊಳಕೆ ಬರಿಸಿದರೆ ಅವುಗಳ ಸತ್ತ್ವ ಮೈಗೆ ಚೆನ್ನಾಗಿ ಹತ್ತುತ್ತದೆ. ಜೊತೆಗೆ ನಿಂಬೆರಸ ಇಲ್ಲವೆ ನೆಲ್ಲಿಕಾಯಿ ಇರಲಿ. ಮೊಟ್ಟೆ, ಮೀನು, ಮಾಂಸ ತಿನ್ನುವವರು ಅವುಗಳನ್ನು ಮಕ್ಕಳೆಲ್ಲರಿಗೂ ಸಮನಾಗಿ ಹಂಚಬೇಕು. ಚಹಾ ಕಬ್ಬಿಣಾಂಶವನ್ನು ಮೈಗೆ ಹತ್ತಗೊಡುವುದಿಲ್ಲ. ಆದುದರಿಂದ ಊಟದ ಹಿಂದುಮುಂದಿನ ಒಂದು ಗಂಟೆ ಚಹಾ ಬೇಡ. ಬೆಳಗಿನ ಚಹಾ ಊಟವಲ್ಲ. ಆಡಲು ಹೋಗುವ ಮಗು ರೊಟ್ಟಿ, ಕಾಳುಪಲ್ಯ, ಮೊಸರು ಉಂಡು ಹೋಗಲಿ.

ಎಲ್ಲಕ್ಕಿಂತ ಮುಖ್ಯವಾದುದು ಹಂಚಿಕೆ. ದಿನಕ್ಕೊಂದು ಹೊತ್ತಾದರೂ ಮನೆಮಂದಿಯೆಲ್ಲ ಒಟ್ಟಿಗೆ ಕುಳಿತು ಉಣ್ಣಿರಿ. ಒಟ್ಟಿಗೆ ಕುಳಿತಾಗ ಯಾರ ತಟ್ಟೆಯಲ್ಲಿ ಏನಿದೆಯೆಂಬುದು ಎಲ್ಲರ ಕಣ್ಣಿಗೂ ಬೀಳುತ್ತದೆ. ಹಾಲುಣಿಸುವ ತಾಯಿ ತನ್ನೊಬ್ಬಳಿಗಾಗಿ ಅಲ್ಲ, ಇಬ್ಬರಿಗಾಗಿ ಉಣ್ಣುತ್ತಾಳೆಂಬುದನ್ನು ಗಂಡನಾದವನು ಮರೆಯಬಾರದು.

ಮಾತ್ರೆಗಳ ವಿಷಯ

10ರಿಂದ 19 ವರ್ಷದ ಹುಡುಗ ಹುಡುಗಿಯರಿಗೆ ವಾರಕ್ಕೊಂದರಂತೆ ನೀಲಿ ಬಣ್ಣದ ಕಬ್ಬಿಣ ಮತ್ತು ಫೋಲಿಕ್ ಆಮ್ಲದ ಮಾತ್ರೆಯನ್ನು ಶಾಲೆಯಲ್ಲಿಯೂ, ಶಾಲೆ ಬಿಟ್ಟ ಹುಡುಗಿಯರಿಗೆ ಅಂಗನವಾಡಿಯಲ್ಲಿಯೂ ಉಚಿತವಾಗಿ ಕೊಡಲಾಗುತ್ತದೆ. ಇದನ್ನು ಊಟದ ನಂತರ ನುಂಗಬೇಕು. ಮಲ ಕಪ್ಪಾಗುವುದು, ಸ್ವಲ್ಪ ಹೊಟ್ಟೆ ತೊಳಸುವುದು ಸಹಜ. ಅದಕ್ಕೆ ಹೆದರಿ ಮಾತ್ರೆ ಎಸೆಯಬೇಡಿರಿ. ಗರ್ಭಿಣಿಯರು ನಾಲ್ಕನೆಯ ತಿಂಗಳಿನಿಂದ ದಿನಕ್ಕೊಂದರಂತೆ 180 ದಿನ, ಹೆರಿಗೆಯ ನಂತರ ಮತ್ತೆ 180 ದಿನ ಕೆಂಪು ಮಾತ್ರೆ ತೆಗೆದುಕೊಳ್ಳಬೇಕು. ರಕ್ತಹೀನತೆ ಇದೆಯೆಂದು ತಿಳಿದವರಿಗೆ ಪ್ರಮಾಣ ಬೇರೆ. ಅದನ್ನು ವೈದ್ಯರು ಹೇಳುತ್ತಾರೆ. ಲವಲವಿಕೆ ಬಂದೊಡನೆ ಮಾತ್ರೆ ನಿಲ್ಲಿಸುವುದು ತಪ್ಪು.

2015ರಿಂದ ರಾಷ್ಟ್ರೀಯ ಜಂತುನಾಶಕ ದಿನವನ್ನು ಆಚರಿಸಲಾಗುತ್ತಿದೆ. ಅದು ಮನೆಯ ಕೆಲಸ ತಲೆಯ ಮೇಲಿರುವಾಗಲೇ ಬರಬಹುದು. 1ರಿಂದ 19 ವರ್ಷದ ಮಕ್ಕಳಿಗೆ ಅಲ್ಬೆಂಡಜೋಲ್ ಮಾತ್ರೆ ಕೊಡುತ್ತಾರೆ. ಕಬ್ಬು ಕಡಿಯಲು ಹೋಗುವಾಗ ಮಕ್ಕಳನ್ನು ಕರೆದುಕೊಂಡು ಹೋಗಿ ಆ ದಿನವನ್ನು ತಪ್ಪಿಸಬೇಡಿರಿ. ತಪ್ಪಿದರೆ ಆಶಾ ಕಾರ್ಯಕರ್ತೆಯನ್ನು ಕೇಳಿರಿ.

ಆಟದ ಬಯಲಿನಲ್ಲಿ

ಶಿವರಾತ್ರಿ ಕಳೆದೊಡನೆ ಬಿಸಿಲು ಏರುತ್ತದೆ. ಅಭ್ಯಾಸವು ಬೆಳಗಿನ ತಂಪಿನಲ್ಲಿ ಇಲ್ಲವೆ ಸಂಜೆ ನಾಲ್ಕರ ನಂತರ ನಡೆಯಲಿ. ಆಟದ ಮುಂಚೆ, ನಡುವೆ, ಅನಂತರ ನೀರು ಕುಡಿಯಬೇಕು. ಉಪ್ಪು ಬೆರೆಸಿದ ಮಜ್ಜಿಗೆ ಉತ್ತಮ. ಬಿಸಿಲಿನಲ್ಲಿ ಆಡುವಾಗ ಮಗುವಿನ ಮೈ ಕೆಂಡದಂತಾಗಿ ಮಾತು ತಡವರಿಸಿದರೆ ನೆರಳಿಗೆ ತಂದು, ಮೈಗೆ ನೀರು ಹಾಕಿ, ಗಾಳಿ ಬೀಸುತ್ತ ಕೂಡಲೇ ಆಸ್ಪತ್ರೆಗೆ ಒಯ್ಯಿರಿ.

ಬಿದ್ದ ಗಾಯವನ್ನು ಶುದ್ಧ ನೀರು ಮತ್ತು ಸಾಬೂನಿನಿಂದ ತೊಳೆಯಿರಿ. ಮಣ್ಣು, ಸುಣ್ಣ, ತಂಬಾಕಿನ ಪುಡಿ ಹಾಕಕೂಡದು. 10 ಮತ್ತು 16ನೆಯ ವಯಸ್ಸಿನಲ್ಲಿ ಧನುರ್ವಾಯು ಮತ್ತು ಗಂಟಲಮಾರಿಯ ವಿರುದ್ಧ ಟಿಡಿ ಚುಚ್ಚುಮದ್ದು ಹಾಕಿಸಿರಬೇಕು. ತಲೆಗೆ ಪೆಟ್ಟಾಗಿ ವಾಂತಿ, ಮಂಪರು, ತಲೆನೋವು ಕಂಡರೆ ಮನೆಮದ್ದಿನಲ್ಲಿ ಹೊತ್ತು ಕಳೆಯದೆ ವೈದ್ಯರ ಬಳಿಗೆ ಹೋಗಿರಿ.

ಮುಟ್ಟಿನ ದಿನಗಳಲ್ಲಿ ಹುಡುಗಿ ಆಡಬಾರದೆಂಬ ಕಟ್ಟಳೆ ವೈದ್ಯಶಾಸ್ತ್ರದಲ್ಲಿಲ್ಲ. ಅವಳಿಗೆ ಆಸೆಯಿದ್ದರೆ ಆಡಲಿ. ಪ್ಯಾಡನ್ನಾಗಲಿ ಬಟ್ಟೆಯನ್ನಾಗಲಿ ನಾಲ್ಕರಿಂದ ಆರು ಗಂಟೆಗೊಮ್ಮೆ ಬದಲಿಸಬೇಕು. ಬಟ್ಟೆಯನ್ನು ಕತ್ತಲ ಮೂಲೆಯಲ್ಲಿ ಮುಚ್ಚಿಡದೆ ಬಿಸಿಲಿನಲ್ಲಿ ಒಣಗಿಸಬೇಕು.

ಜಾತ್ರೆ ಮತ್ತು ಕೂಟಗಳಲ್ಲಿ

ಸಾವಿರಾರು ಜನ ಸೇರುವ ಕಡೆ ನೀರು ಬೇಗನೆ ಕೆಡುತ್ತದೆ. ಜಾತ್ರೆಗೆ ಬಂಡಿ ಕಟ್ಟುವಾಗ ಕಾಯಿಸಿ ಆರಿಸಿದ ನೀರನ್ನೂ, ನಾಲ್ಕು ಓಆರ್‌ಎಸ್ ಪೊಟ್ಟಣಗಳನ್ನೂ ಬುತ್ತಿಯೊಡನೆ ಕಟ್ಟಿಕೊಳ್ಳಿರಿ. ವಾಂತಿಭೇದಿಯಾದರೆ ಒಂದು ದೊಡ್ಡ ಪೊಟ್ಟಣವನ್ನು ಪೂರ್ತಿಯಾಗಿ ಒಂದು ಲೀಟರ್ ನೀರಿನಲ್ಲಿ ಕರಗಿಸಿ ಸ್ವಲ್ಪಸ್ವಲ್ಪವಾಗಿ ಕುಡಿಸಿರಿ. 24 ಗಂಟೆಯಾದ ಮೇಲೆ ಉಳಿದುದನ್ನು ಚೆಲ್ಲಿರಿ. ಕೂಸಿಗೆ ಎದೆಹಾಲು ನಿಲ್ಲಿಸಬಾರದು. ಆರೋಗ್ಯ ಕೇಂದ್ರದಲ್ಲಿ ಕೊಡುವ ಸತುವಿನ ಮಾತ್ರೆಯನ್ನು ಭೇದಿ ನಿಂತರೂ 14 ದಿನ ಮುಗಿಸಬೇಕು.

ಇಂತಹ ಕೂಟಗಳಲ್ಲಿಯೇ ಹಿರಿಯರು ಸಂಬಂಧಗಳ ಮಾತನ್ನು ಎತ್ತುವುದುಂಟು. ಹುಡುಗಿಗೆ 18, ಹುಡುಗನಿಗೆ 21 ವರ್ಷ ತುಂಬುವ ಮುನ್ನ ಮದುವೆ ಮಾಡುವುದು ಅಪರಾಧ. 2006ರ ಕಾಯಿದೆಗೆ ಕರ್ನಾಟಕವು ತಂದ ತಿದ್ದುಪಡಿಯಂತೆ ನಮ್ಮ ರಾಜ್ಯದಲ್ಲಿ ಅಂತಹ ಮದುವೆ ಮೊದಲಿನಿಂದಲೇ ಅಸಿಂಧು. ಕಾಯಿದೆಯ ಮಾತು ಹಾಗಿರಲಿ. ರಕ್ತವಿಲ್ಲದ, ಬೆಳೆದು ಮುಗಿಯದ ಮೈಗೆ ಬಸಿರು ಬಂದರೆ ತಾಯಿಗೂ ಶಿಶುವಿಗೂ ಪ್ರಾಣಾಪಾಯ. ಶಿಶು ತೂಕ ಕಡಿಮೆಯಾಗಿ, ದಿನ ತುಂಬುವ ಮೊದಲೇ ಹುಟ್ಟಬಹುದು.

ಬೇರೊಂದು ದಾರಿಯೂ ಉಂಟು. 2025ರ ಜನವರಿಯಲ್ಲಿ ದೆಹಲಿಯಲ್ಲಿ ನಡೆದ ಮೊದಲ ಖೋ ಖೋ ವಿಶ್ವಕಪ್ಪಿನಲ್ಲಿ ಭಾರತದ ಮಹಿಳೆಯರು ನೇಪಾಳವನ್ನು 78-40 ಅಂಕಗಳಿಂದ ಸೋಲಿಸಿದರು. ಆ ತಂಡದಲ್ಲಿದ್ದ ಬಿ. ಚೈತ್ರಾ ಮೈಸೂರು ಜಿಲ್ಲೆಯ ಕುರುಬೂರೆಂಬ ಹಳ್ಳಿಯವರು. ಎಲ್ಲ ಹುಡುಗಿಯರೂ ವಿಶ್ವಕಪ್ ಗೆಲ್ಲಬೇಕಾಗಿಲ್ಲ. ಆದರೆ ಓದುವ, ಆಡುವ, ಬೆಳೆಯುವ ವರ್ಷಗಳು ಎಲ್ಲರಿಗೂ ದೊರೆಯಬೇಕು.

ತಂದೆಯ ಪಾಲು

ಹೆರಿಗೆಗಳ ನಡುವೆ ಕನಿಷ್ಠ ಮೂರು ವರ್ಷಗಳ ಅಂತರವಿದ್ದರೆ ತಾಯಿಯ ರಕ್ತ ತುಂಬಿಬರುತ್ತದೆ. ಇದಕ್ಕಾಗಿ ನಿರೋಧ್, ನುಂಗುವ ಮಾತ್ರೆಗಳು, ಮೂರು ತಿಂಗಳಿಗೊಮ್ಮೆ ಹಾಕಿಸುವ ಅಂತರಾ ಚುಚ್ಚುಮದ್ದು, 5 ಅಥವಾ 10 ವರ್ಷ ಕೆಲಸ ಮಾಡುವ ಕಾಪರ್-ಟಿ ಸರಕಾರಿ ಕೇಂದ್ರಗಳಲ್ಲಿ ಉಚಿತವಾಗಿ ದೊರೆಯುತ್ತವೆ. ಹಾಲುಣಿಸುವ ತಾಯಿಗೆ ಯಾವುದು ಸೂಕ್ತವೆಂಬುದನ್ನು ಇಬ್ಬರೂ ಹೋಗಿ ಕೇಳಿರಿ.

ಮಕ್ಕಳು ಸಾಕೆಂದು ನಿಶ್ಚಯಿಸಿದ ಮೇಲೆ ಪುರುಷನೂ ಮುಂದೆ ಬರಬಹುದು. ಹೊಲಿಗೆಯಿಲ್ಲದ ಪುರುಷ ಶಸ್ತ್ರಚಿಕಿತ್ಸೆಯು ಕೆಲವೇ ನಿಮಿಷಗಳದ್ದು. ಅಂದೇ ಮನೆಗೆ ಮರಳಬಹುದು. ಇದರಿಂದ ತೋಳಿನ ಬಲವಾಗಲಿ, ದಾಂಪತ್ಯದ ಸುಖವಾಗಲಿ ಕುಂದುವುದಿಲ್ಲ. ವಾರ ಕಳೆದ ಮೇಲೆ ಕಬ್ಬಿನ ಹೊರೆಯನ್ನೂ ಎತ್ತಬಹುದು. ಆದರೆ ಮೊದಲ ಮೂರು ತಿಂಗಳು ಬೇರೊಂದು ವಿಧಾನವನ್ನು ಬಳಸಿ, ಅನಂತರ ವೀರ್ಯ ಪರೀಕ್ಷೆ ಮಾಡಿಸಿಕೊಳ್ಳಬೇಕು.

ನಮ್ಮ ಕಥೆಯ ಮನೆಗೆ ಮರಳೋಣ. ಆ ರಾತ್ರಿ ತಂದೆ ವೈದ್ಯರ ಚೀಟಿಯನ್ನು ಎರಡು ಸಲ ಓದಿಸಿ ಕೇಳಿದನು. ಮಾರನೆಯ ದಿನದಿಂದ ನೀರು ತರುವ ಕೆಲಸವನ್ನು ಅವನೂ ಮಗನೂ ವಹಿಸಿಕೊಂಡರು. ಮೊಟ್ಟೆ ಮೂವರಿಗೂ ಬಂದಿತು. ಮೊಮ್ಮಗಳು ಮಾತ್ರೆ ನುಂಗಿದಳೇ ಎಂದು ನೋಡುವ ಕೆಲಸ ಅಜ್ಜಿಯದಾಯಿತು. ಸಂಬಂಧದ ಮಾತನ್ನು ಅವಳು ಮತ್ತೆ ಎತ್ತಲಿಲ್ಲ. ಆ ಜಾತ್ರೆಯ ಪಂದ್ಯದಲ್ಲಿ ಮಗಳು ಆಡಲಿಲ್ಲ. ಗೆರೆಯ ಹೊರಗೆ ಕುಳಿತು ಗೆಳತಿಯರ ಚಪ್ಪಲಿ ಕಾಯ್ದಳು. ಮೂರು ತಿಂಗಳ ನಂತರ ಅವಳ ರಕ್ತ 12 ಗ್ರಾಂ ಮುಟ್ಟಿತು. ತಾಯಿಯದು ಇನ್ನೂ ಸ್ವಲ್ಪ ಕಡಿಮೆಯಿದೆ. ಅವಳು ಮಾತ್ರೆ ನಿಲ್ಲಿಸಿಲ್ಲ. ಮಳೆಗಾಲದಲ್ಲಿ ಶಾಲೆ ತೆರೆದಾಗ ಮಗಳು ಮತ್ತೆ ಓಡಿದಳು.

ದಂಪತಿಗಳು ಕೂಡಿ ವಿಚಾರಿಸಬೇಕಾದ ಪ್ರಶ್ನೆಗಳು

1. ನಿನ್ನೆ ರಾತ್ರಿ ನಮ್ಮ ಮನೆಯಲ್ಲಿ ಕೊನೆಗೆ ಉಂಡವರು ಯಾರು? ಅವರ ತಟ್ಟೆಯಲ್ಲಿ ಏನಿತ್ತು?
2. ಮಗಳೂ ಮಗನೂ ಶಾಲೆಗೆ ಹೋಗುವ ಮುನ್ನ ಮಾಡುವ ಕೆಲಸ ಸಮನಾಗಿದೆಯೇ?
3. ತಾಯಿ ಮತ್ತು ಮಗಳ ರಕ್ತವನ್ನು ಕಳೆದ ಒಂದು ವರ್ಷದಲ್ಲಿ ಪರೀಕ್ಷೆ ಮಾಡಿಸಿದ್ದೇವೆಯೇ?
4. ಮುಂದಿನ ಮಗು ಯಾವಾಗ, ಅಥವಾ ಬೇಡವೇ ಎಂಬುದನ್ನು ನಾವಿಬ್ಬರೂ ಮಾತನಾಡಿದ್ದೇವೆಯೇ?