ಹೊಲದ ವಿಷವು ಮನೆಯ ಹೊಸ್ತಿಲನ್ನು ದಾಟಕೂಡದು

ಬೆಳೆಯ ಹುಳುಗಳನ್ನು ಕೊಲ್ಲುವ ದ್ರವ್ಯಗಳನ್ನು ರೈತರು ರೂಢಿಯಲ್ಲಿ ಔಷಧವೆಂದು ಕರೆಯುವರು. ಆದರೆ ಇವು ವಿಷಗಳು. ಹುಳುವಿನ ನರಗಳನ್ನು ಕೆಡಿಸುವ ದ್ರವ್ಯಗಳಲ್ಲಿ ಅನೇಕವು ಮನುಷ್ಯನ ನರಗಳನ್ನೂ ಕೆಡಿಸತಕ್ಕವು. ಹೊಲದಲ್ಲಿ ಸಿಂಪಡಿಸುವವನಿಗೆ ಇದರ ಭಯವುಂಟು. ಮನೆಯಲ್ಲಿರುವ ಮಕ್ಕಳಿಗೆ ಅದರ ಅರಿವಿಲ್ಲ.

1958ರಲ್ಲಿ ಕೇರಳದಲ್ಲಿ ಫಾಲಿಡಾಲ್ ಎಂಬ ಕೀಟನಾಶಕವು ಸಾಗಣೆಯ ಕಾಲದಲ್ಲಿ ಆಹಾರ ಪದಾರ್ಥಕ್ಕೆ ಬೆರೆತು ನೂರಕ್ಕೆ ಮೇಲ್ಪಟ್ಟು ಜನರು ಮಡಿದರು. ಆ ಬಳಿಕ 1968ರಲ್ಲಿ ಕೀಟನಾಶಕಗಳ ಕಾಯಿದೆಯು ಅಂಗೀಕೃತವಾಯಿತು. ಆದರೂ 2013ನೆಯ ಜುಲೈ ತಿಂಗಳಲ್ಲಿ ಬಿಹಾರದ ಸಾರಣ ಜಿಲ್ಲೆಯ ಶಾಲೆಯೊಂದರಲ್ಲಿ ಮಧ್ಯಾಹ್ನದ ಊಟ ಮಾಡಿದ 23 ಮಕ್ಕಳು ಮೃತರಾದರು. ಅಡಿಗೆಯ ಎಣ್ಣೆಯಲ್ಲಿ ಮಾನೋಕ್ರೋಟೋಫಾಸ್ ಎಂಬ ವಿಷವಿದ್ದುದು ಪರೀಕ್ಷೆಯಿಂದ ತಿಳಿದುಬಂದಿತು. ಅನ್ನದ ಸಮೀಪಕ್ಕೆ ವಿಷವು ಬಂದರೆ ಇಂತಹ ಅನರ್ಥಕ್ಕೆ ಒಂದು ಗಳಿಗೆಯ ಅಜಾಗರೂಕತೆಯೇ ಸಾಕು. ಆದಕಾರಣ ಗೃಹಸ್ಥರು ಈ ಕೆಳಗಿನ ಕ್ರಮಗಳನ್ನು ಅನುಸರಿಸತಕ್ಕದ್ದು.

1. ಇಡುವ ಸ್ಥಳ: ವಿಷದ ಡಬ್ಬಿಗಳನ್ನು ಅಡಿಗೆಮನೆಯಲ್ಲಾಗಲಿ, ಅಟ್ಟದ ಮೇಲಾಗಲಿ, ದನಗಳ ಮೇವಿನ ಬಳಿಯಲ್ಲಾಗಲಿ ಇಡಕೂಡದು. ವಾಸದ ಮನೆಯಿಂದ ಬೇರೆಯಾದ ಸ್ಥಳದಲ್ಲಿ ಪೆಟ್ಟಿಗೆಯಲ್ಲಿಟ್ಟು ಬೀಗ ಹಾಕಬೇಕು. ಆಯಾ ಕಾಲಕ್ಕೆ ಬೇಕಾದಷ್ಟನ್ನೇ ಕೊಳ್ಳುವುದು ಉತ್ತಮ.

2. ಡಬ್ಬಿಗಳು: ವಿಷವನ್ನು ಎಣ್ಣೆ, ಸಾರಾಯಿ ಅಥವಾ ಪಾನಕದ ಸೀಸೆಗಳಿಗೆ ಬಗ್ಗಿಸಕೂಡದು. ಡಬ್ಬಿಯ ಮೇಲಿನ ಬಣ್ಣದ ಗುರುತು ವಿಷದ ತೀವ್ರತೆಯನ್ನು ತಿಳಿಸುವುದು: ಕೆಂಪು ಅತ್ಯುಗ್ರ, ಹಳದಿ, ನೀಲಿ, ಹಸಿರು ಕ್ರಮವಾಗಿ ಕಡಿಮೆ. ಹಸಿರೆಂದರೆ ನಿರಪಾಯವೆಂದು ಅರ್ಥವಲ್ಲ. ಬರಿದಾದ ಡಬ್ಬಿಯನ್ನು ಮೂರು ಸಲ ತೊಳೆದು, ಆ ನೀರನ್ನು ಸಿಂಪಡಿಸುವ ಯಂತ್ರಕ್ಕೇ ಹಾಕಿ, ಡಬ್ಬಿಗೆ ತೂತು ಕೊರೆಯಬೇಕು. ಅದರಲ್ಲಿ ನೀರು, ಉಪ್ಪು, ಧಾನ್ಯಗಳನ್ನು ತುಂಬಲೇಬಾರದು.

3. ಬಟ್ಟೆ: ಸಿಂಪಡಿಸಿದವನು ಸೋಪಿನಿಂದ ಮೈ ತೊಳೆದ ಹೊರತು ಮಗುವನ್ನು ಎತ್ತಿಕೊಳ್ಳಕೂಡದು. ಅವನ ಬಟ್ಟೆಗಳನ್ನು ಮನೆಯವರ ಬಟ್ಟೆಗಳೊಡನೆ ಬೆರೆಸದೆ ಪ್ರತ್ಯೇಕವಾಗಿ ಒಗೆಯಬೇಕು.

4. ಧಾನ್ಯ: ಅಲ್ಯೂಮಿನಿಯಂ ಫಾಸ್ಫೈಡ್ ಮಾತ್ರೆಯು ಗಾಳಿಯ ತೇವಕ್ಕೆ ಸೋಕಿದೊಡನೆ ಪ್ರಾಣಘಾತುಕವಾದ ಅನಿಲವನ್ನು ಬಿಡುವುದು, ಆ ವಿಷಕ್ಕೆ ನಿಶ್ಚಿತವಾದ ಪ್ರತ್ಯೌಷಧವಿಲ್ಲ. ಜನರು ಮಲಗುವ ಮನೆಯಲ್ಲಿ ಧಾನ್ಯಕ್ಕೆ ಈ ಮಾತ್ರೆಯನ್ನು ಎಂದಿಗೂ ಇಡಕೂಡದು. ಧಾನ್ಯವನ್ನು ಹಲ್ಲಿಗೆ ಕಟ್ಟೆನ್ನುವಂತೆ ಒಣಗಿಸಿ, ಗಾಳಿಯಾಡದ ಪಾತ್ರೆಯಲ್ಲಿ ತುಂಬಿದರೆ ಹುಳುಗಳ ಬಾಧೆಯು ಬಹುಮಟ್ಟಿಗೆ ತಪ್ಪುವುದು. ವಿಷ ಲೇಪಿಸಿದ ಬಿತ್ತನೆಯ ಬೀಜವು ಮಿಕ್ಕರೆ ಅದನ್ನು ತೊಳೆದರೂ ತಿನ್ನಲು ಯೋಗ್ಯವಾಗದು.

5. ವಿಷ ತಗಲಿದಾಗ: ಬೆವರು, ಜೊಲ್ಲು, ವಾಂತಿ, ಉಸಿರಾಟದ ಕಷ್ಟ, ಕಣ್ಣಿನ ಪಾಪೆ ಕಿರಿದಾಗುವಿಕೆ, ಇವು ಅನೇಕ ಕೀಟನಾಶಕಗಳ ಲಕ್ಷಣಗಳು. ರೋಗಿಯನ್ನು ಶುದ್ಧವಾದ ಗಾಳಿಗೆ ತಂದು, ಬಟ್ಟೆ ತೆಗೆದು, ಮೈಯನ್ನು ಸೋಪು ನೀರಿನಿಂದ ತೊಳೆಯಬೇಕು. ಉಪ್ಪುನೀರು ಕುಡಿಸಿ ವಾಂತಿ ಮಾಡಿಸಕೂಡದು. ವಿಳಂಬವಿಲ್ಲದೆ ಆಸ್ಪತ್ರೆಗೆ ಸಾಗಿಸಿ, ಡಬ್ಬಿಯ ಮೇಲಿನ ಚೀಟಿಯನ್ನು ವೈದ್ಯರಿಗೆ ತೋರಿಸಬೇಕು.

ಗ್ರಾಮದ ಮುಖಂಡರು ಈ ಕ್ರಮಗಳನ್ನು ಮೊದಲು ತಮ್ಮ ಮನೆಯಲ್ಲಿ ನಡೆಸಿ ತೋರಿಸಬೇಕು. ಓದುಬರಹವಿಲ್ಲದ ಕೂಲಿಯವರಿಗೆ ಚೀಟಿಯ ಅರ್ಥವನ್ನು ಬಾಯಿಮಾತಿನಲ್ಲಿ ತಿಳಿಸುವುದು ವಿಷವನ್ನು ಅವರ ಕೈಗೆ ಕೊಡುವ ಜಮೀನುದಾರರ ಹೊಣೆ. ಕೆಟ್ಟ ಬೆಳೆಯನ್ನು ಮರುವರ್ಷ ಬೆಳೆಯಬಹುದು. ಮನೆಯ ಮಗುವನ್ನು ಮರಳಿ ಪಡೆಯಲಾಗದು.