ಕೈಬ್ರೇಕಿನ ಸನ್ನೆ

ಪುತ್ತೂರು, ಸುಳ್ಯ, ಕಡಬ ತಾಲ್ಲೂಕುಗಳಲ್ಲಿ ಸಮತಟ್ಟಾದ ನೆಲ ಕಡಮೆ. ಗುಡ್ಡದ ಓರೆಯಲ್ಲಿ ಗೇರು, ರಬ್ಬರು; ತಗ್ಗಿನಲ್ಲಿ ಅಡಕೆಯ ತೋಟ; ಇವೆರಡರ ನಡುವೆ ಎಲ್ಲಿಯೋ ಒಂದೆಡೆ ಮನೆ. ಹೊರೆ ಹೊತ್ತ ಗಾಡಿಯೊಂದು ಏರಿನಲ್ಲಿ ನಿಂತಿತೆಂದರೆ ಅದರ ಗಾಲಿಯ ಹಿಂದೆ ಕಲ್ಲೊಂದನ್ನು ಕೊಟ್ಟ ಮೇಲೆಯೇ ಮುಂದಿನ ಮಾತು. ಹಾಗೆ ಮಾಡಬೇಕೆಂದು ಇಲ್ಲಿಯವರಿಗೆ ಯಾರೂ ಕಲಿಸಿಕೊಡಬೇಕಾಗಿಲ್ಲ. ನಿಂತ ಗಾಡಿ ನಿಂತೇ ಇರುವುದೆಂಬ ನಂಬಿಕೆ ಬಯಲುಸೀಮೆಯವನಿಗೆ ಇರಬಹುದು. ಘಟ್ಟದ ಬುಡದವನಿಗೆ ಇಲ್ಲ.

ಇದೇ ನೆಲದ ಮೇಲೆ ರೈಲುಮಾರ್ಗವೂ ಹಾದುಹೋಗಿದೆ. ಮಂಗಳೂರಿನಿಂದ ಹೊರಟ ಗಾಡಿ ಕಬಕ ಪುತ್ತೂರನ್ನು ದಾಟಿ, ಕಡಬ ತಾಲ್ಲೂಕಿನ ನೆಟ್ಟಣದಲ್ಲಿರುವ ಸುಬ್ರಹ್ಮಣ್ಯ ರೋಡ್ ನಿಲ್ದಾಣವನ್ನು ಸೇರುತ್ತದೆ. ಕುಕ್ಕೆಗೆ ಹೋಗುವ ಯಾತ್ರಿಕರು ಇಳಿಯುವುದು ಇಲ್ಲಿಯೇ. ಇಲ್ಲಿಂದ ಮುಂದೆ ಸಕಲೇಶಪುರದವರೆಗೆ ಸುಮಾರು ೫೫ ಕಿಲೋಮೀಟರು ಘಟ್ಟದ ಹಾದಿ. ೫೭ ಸುರಂಗಗಳು, ನೂರಕ್ಕೂ ಮಿಕ್ಕ ಸೇತುವೆಗಳು, ಬಲಕ್ಕೊಮ್ಮೆ ಎಡಕ್ಕೊಮ್ಮೆ ಬಾಗುವ ತಿರುವುಗಳು. ನಡುವೆ ಸಿರಿಬಾಗಿಲು, ಎಡಕುಮೇರಿ, ಕಡಗರವಳ್ಳಿ, ದೋಣಿಗಲ್ ಎಂಬ ಕಾಡಿನ ನಿಲ್ದಾಣಗಳು. ಈ ಮಾರ್ಗ ೧೯೭೯ರಲ್ಲಿ ಮೀಟರ್ ಗೇಜಿನಲ್ಲಿ ಪೂರ್ಣವಾಯಿತು. ಮುಂದೆ ಅದನ್ನು ಬ್ರಾಡ್ ಗೇಜಿಗೆ ಮಾರ್ಪಡಿಸಲಾಗಿ, ೨೦೦೬ರಲ್ಲಿ ಸರಕು ಗಾಡಿಗಳೂ ೨೦೦೭ರ ಡಿಸೆಂಬರಿನಲ್ಲಿ ಪ್ರಯಾಣಿಕರ ಗಾಡಿಗಳೂ ಓಡತೊಡಗಿದುವು.

ಘಟ್ಟದ ಈ ಭಾಗದ ಏರು ೫೦ಕ್ಕೆ ೧. ಎಂದರೆ, ೫೦ ಮೀಟರು ಮುಂದೆ ಸಾಗಿದಾಗ ಹಳಿ ೧ ಮೀಟರಿನಷ್ಟು ಮೇಲೇರಿರುತ್ತದೆ. ನಮ್ಮ ಊರಿನ ರಸ್ತೆಗಳ ಏರಿನ ಮುಂದೆ ಇದೇನು ಮಹಾ ಎಂದು ನಿಮಗೆ ತೋರಬಹುದು. ಸೈಕಲ್ಲಿನವನೂ ಇದನ್ನು ಇಳಿಯದೆ ತುಳಿದಾನು. ಆದರೆ ರೈಲಿನ ಲೆಕ್ಕವೇ ಬೇರೆ. ಉಕ್ಕಿನ ಹಳಿಯ ಮೇಲೆ ಉಕ್ಕಿನ ಗಾಲಿ ಉರುಳುವಾಗ ಆಗುವ ತಡೆ ಬಹಳ ಸ್ವಲ್ಪ: ಒಂದು ಟನ್ ಭಾರಕ್ಕೆ ಎರಡೂವರೆ ಕಿಲೋಗ್ರಾಮಿನ ಆಸುಪಾಸು. (ಇಲ್ಲಿ ಕಿಲೋಗ್ರಾಂ ಎಂದರೆ ಅಷ್ಟು ತೂಕದ ಬಲವೆಂದು ತಿಳಿಯಬೇಕು.) ಕಡಮೆ ಶಕ್ತಿಯಿಂದ ಹೆಚ್ಚು ಭಾರವನ್ನು ಎಳೆಯಲು ರೈಲಿಗೆ ಸಾಧ್ಯವಾಗಿರುವುದು ಈ ಗುಣದಿಂದಲೇ. ಆದರೆ ಎಳೆಯುವವನಿಗೆ ವರವಾದದ್ದು ನಿಲ್ಲಿಸುವವನಿಗೆ ಶಾಪ. ೫೦ಕ್ಕೆ ೧ರ ಇಳಿಜಾರಿನಲ್ಲಿ ಭೂಮಿ ಒಂದೊಂದು ಟನ್ನನ್ನೂ ೨೦ ಕಿಲೋಗ್ರಾಮಿನಷ್ಟು ಬಲದಿಂದ ಕೆಳಕ್ಕೆ ಸೆಳೆಯುತ್ತದೆ. ತಾನಾಗಿ ತಡೆಯುವ ಬಲ ಅದರ ಎಂಟನೆಯ ಒಂದು ಪಾಲು ಮಾತ್ರ. ಉಳಿದ ಏಳು ಪಾಲನ್ನು ತಡೆಯಬೇಕಾದದ್ದು ಬ್ರೇಕು.

ಇಳಿಜಾರು ೪೦೦ಕ್ಕೆ ೧ ಆದರೆ ಸೆಳೆತ ಟನ್ನಿಗೆ ಎರಡೂವರೆ ಕಿಲೋಗ್ರಾಂ ಆಗುತ್ತದೆ. ಸೆಳೆತವೂ ತಡೆಯೂ ಸರಿಸಮ. ನಿಲ್ದಾಣದ ಅಂಗಳ ಇದಕ್ಕಿಂತ ಹೆಚ್ಚು ಓರೆಯಾಗಿರಬಾರದೆಂದು ನಮ್ಮ ರೈಲ್ವೆಯ ನಿಯಮವಿದೆ. ಒರಟಾದ ಕಾಡು ಬೆಟ್ಟದ ನಡುವೆ ನಿಲ್ದಾಣಕ್ಕೆಂದು ಮಟ್ಟಸವಾದ ನೆಲವನ್ನು ಕಡಿದು ತೆಗೆಯುವುದೇಕೆಂಬುದು ಈ ಸಣ್ಣ ಲೆಕ್ಕದಿಂದ ಹೊಳೆಯುವುದು.

ಓಡುವ ರೈಲನ್ನು ನಿಲ್ಲಿಸಲು ಇಂದು ಗಾಳಿಯ ಬ್ರೇಕು ಇದೆ. ಎಂಜಿನಿನಿಂದ ಕೊನೆಯ ಡಬ್ಬಿಯವರೆಗೆ ಒಂದು ಕೊಳವೆ. ಅದರಲ್ಲಿ ಒತ್ತಡ ತುಂಬಿರುವಷ್ಟು ಹೊತ್ತು ಬ್ರೇಕು ಬಿಟ್ಟಿರುತ್ತದೆ. ಒತ್ತಡ ಇಳಿದೊಡನೆ ಪ್ರತಿಯೊಂದು ಡಬ್ಬಿಯೂ ತನ್ನ ತೊಟ್ಟಿಯಲ್ಲಿ ಕೂಡಿಟ್ಟುಕೊಂಡ ಗಾಳಿಯಿಂದ ಬ್ರೇಕನ್ನು ಬಿಗಿಯುತ್ತದೆ. ಜಾರ್ಜ್ ವೆಸ್ಟಿಂಗ್‌ಹೌಸ್ ಎಂಬ ಅಮೆರಿಕದ ಎಂಜಿನಿಯರು ೧೮೭೨ರಲ್ಲಿ ಈ ತತ್ತ್ವವನ್ನು ರೂಢಿಗೆ ತಂದನು. ನಮ್ಮ ಘಟ್ಟದ ಮೀಟರ್ ಗೇಜ್ ದಿನಗಳಲ್ಲಿ ಇದ್ದದ್ದು ನಿರ್ವಾತದ ಬ್ರೇಕು. ಅಲ್ಲಿ ಒತ್ತಡಕ್ಕೆ ಬದಲಾಗಿ ಕೊಳವೆಯನ್ನು ಬರಿದುಮಾಡಿ ಇಟ್ಟಿರುತ್ತಿದ್ದರು. ಉಪಾಯ ಬೇರೆಯಾದರೂ ಫಲ ಒಂದೇ: ಗಾಡಿ ನಡುವೆ ತುಂಡಾದರೆ ಎರಡು ತುಂಡುಗಳೂ ತಾವಾಗಿಯೇ ನಿಲ್ಲುತ್ತವೆ.

ಇಷ್ಟೊಂದು ಜಾಣತನದ ಏರ್ಪಾಡಿಗೂ ಒಂದು ಕೊರತೆಯಿದೆ. ಗಾಳಿಯನ್ನು ಎಂದೆಂದಿಗೂ ಹಿಡಿದಿಡಬಲ್ಲ ತೊಟ್ಟಿಯನ್ನು ಯಾರೂ ಮಾಡಿಲ್ಲ. ರಬ್ಬರಿನ ಸಂದುಗಳಲ್ಲಿ, ಕೊಳವೆಯ ಕೂಡುಗಳಲ್ಲಿ ಅದು ಸ್ವಲ್ಪಸ್ವಲ್ಪವಾಗಿ ಸೋರುತ್ತದೆ. ಎಂಜಿನು ನಡೆಯುತ್ತಿರುವಾಗ ಸೋರಿದ್ದನ್ನು ಮತ್ತೆ ತುಂಬುತ್ತದೆ. ಎಂಜಿನನ್ನು ಬಿಡಿಸಿಕೊಂಡು ಹೋದ ಮೇಲೆ, ಇಲ್ಲವೆ ಅದನ್ನು ಆರಿಸಿದ ಮೇಲೆ, ತುಂಬುವವರಿಲ್ಲ. ಕೆಲವು ಗಂಟೆಗಳಾದ ಮೇಲೆ ಬಿಗಿತ ಸಡಿಲುತ್ತದೆ. ನಿಂತ ಡಬ್ಬಿಗಳನ್ನು ಆಗ ಹಿಡಿಯುವುದು ಯಾವುದು? ಮನುಷ್ಯನ ಕೈ ಬಿಗಿದ ಒಂದು ಕಬ್ಬಿಣದ ಸನ್ನೆ.

ಸನ್ನೆ ಎಂದರೇನೆಂಬುದನ್ನು ನೀವು ವಿಜ್ಞಾನದ ಪಾಠದಲ್ಲಿ ಓದಿರುವಿರಿ. ಅದಕ್ಕೆ ಉದಾಹರಣೆಯನ್ನು ಹುಡುಕಿಕೊಂಡು ದೂರ ಹೋಗಬೇಕಾಗಿಲ್ಲ. ಎಲೆಯಡಕೆಯ ತಟ್ಟೆಯಲ್ಲಿರುವ ಅಡಕತ್ತರಿಯನ್ನು ನೋಡಿದರೆ ಸಾಕು. ಒಣಗಿದ ಗೋಟಡಕೆಯನ್ನು ಬರಿಗೈಯಿಂದ ಒಡೆಯುವ ಪೈಲವಾನ ಇನ್ನೂ ಹುಟ್ಟಿಲ್ಲ. ಆದರೆ ಹಲ್ಲಿಲ್ಲದ ಅಜ್ಜಿ ಅದನ್ನು ಅಡಕತ್ತರಿಯಲ್ಲಿಟ್ಟು ಮಾತನಾಡುತ್ತಲೇ ಹೋಳುಮಾಡುತ್ತಾಳೆ. ಕೀಲಿನ ಹತ್ತಿರ ಅಡಕೆ, ದೂರದ ತುದಿಯಲ್ಲಿ ಕೈ. ಕೀಲಿನಿಂದ ಕೈಗಿರುವ ದೂರ ಅಡಕೆಗಿರುವ ದೂರದ ಐದು ಮಡಿಯಾದರೆ ಒತ್ತಿದ ಬಲವೂ ಐದು ಮಡಿಯಾಗಿ ಅಡಕೆಯ ಮೇಲೆ ಬೀಳುತ್ತದೆ. ಅಡಕೆಯನ್ನು ತುದಿಯ ಕಡೆಗೆ ಸರಿಸಿ ಒತ್ತಿ ನೋಡಿ, ವ್ಯತ್ಯಾಸ ತಿಳಿಯುವುದು.

ಹಳೆಯ ನಾಲ್ಕು ಗಾಲಿಯ ಸರಕು ಡಬ್ಬಿಯ ಪಕ್ಕದಲ್ಲಿ ಒಂದು ಆಳುದ್ದದ ಕಬ್ಬಿಣದ ಪಟ್ಟಿಯನ್ನು ಕಾಣಬಹುದಾಗಿತ್ತು. ಅದರ ಒಂದು ತುದಿ ಡಬ್ಬಿಯ ಅಡಿಯಲ್ಲಿರುವ ಅಡ್ಡದಂಡಕ್ಕೆ ಸೇರಿದೆ. ಇನ್ನೊಂದು ತುದಿ ಒಂದು ನೆಟ್ಟನೆಯ ಚೌಕಟ್ಟಿನೊಳಗೆ ಮೇಲೆ ಕೆಳಗೆ ಆಡುತ್ತದೆ. ಚೌಕಟ್ಟಿನ ಉದ್ದಕ್ಕೂ ತೂತುಗಳು. ಪಟ್ಟಿಯನ್ನು ಕೆಳಕ್ಕೆ ಒತ್ತಿ, ಬೇಕಾದರೆ ಅದರ ಮೇಲೆ ಹತ್ತಿ ನಿಂತು, ತುದಿಗೆ ಸರಪಣಿಯಲ್ಲಿ ತೂಗುವ ಪಿನ್ನನ್ನು ಮೇಲಿನ ತೂತಿಗೆ ತೂರಿಸಿಬಿಟ್ಟರೆ ಸನ್ನೆ ಮತ್ತೆ ಏಳದು. ಅಡ್ಡದಂಡ ತಿರುಗಿದಾಗ ಅದಕ್ಕೆ ಸೇರಿದ ಮೋಟು ತೋಳುಗಳು ಸರಳುಗಳನ್ನು ಎಳೆಯುತ್ತವೆ. ಸರಳುಗಳು ಇನ್ನಷ್ಟು ಸಣ್ಣ ಸನ್ನೆಗಳನ್ನು ಎಳೆದು, ಬ್ರೇಕ್ ಬ್ಲಾಕುಗಳೆಂಬ ಎರಕದ ಕಬ್ಬಿಣದ ತುಂಡುಗಳನ್ನು ಗಾಲಿಯ ಅಂಚಿಗೆ ಅದುಮುತ್ತವೆ.

ಒಂದು ಲೆಕ್ಕ ಹಾಕೋಣ. ೬೦ ಕಿಲೋಗ್ರಾಂ ತೂಕದವನೊಬ್ಬನು ಸನ್ನೆಯ ಮೇಲೆ ನಿಂತನೆನ್ನಿ. ಉದ್ದತೋಳು ಮೋಟುತೋಳಿನ ಹತ್ತು ಮಡಿಯಿದ್ದರೆ ಬಲ ೬೦೦ ಕಿಲೋಗ್ರಾಂ ಆಯಿತು. ಅಡಿಯ ಸಣ್ಣ ಸನ್ನೆಗಳು ಅದನ್ನು ನಾಲ್ಕು ಮಡಿ ಮಾಡಿದರೆ ೨,೪೦೦. ಕಬ್ಬಿಣಕ್ಕೆ ಕಬ್ಬಿಣ ಉಜ್ಜಿ ಹುಟ್ಟುವ ಹಿಡಿತ ಒತ್ತಿದ ಬಲದ ಐದನೆಯ ಒಂದು ಪಾಲೆಂದು ಹಿಡಿದರೆ ೪೮೦ ಕಿಲೋಗ್ರಾಂ. ಡಬ್ಬಿಯ ಒಟ್ಟು ಭಾರ ೨೦ ಟನ್ ಇರಲಿ. ೫೦ಕ್ಕೆ ೧ರ ಇಳಿಜಾರಿನಲ್ಲಿ ಅದರ ಸೆಳೆತ ೪೦೦. ಗಾಲಿಯ ತಡೆಯಾದ ೫೦ನ್ನು ಕಳೆದರೆ ೩೫೦. ಹಿಡಿತ ಹೆಚ್ಚು, ಸೆಳೆತ ಕಡಮೆ, ಡಬ್ಬಿ ನಿಲ್ಲುತ್ತದೆ. ಅರುವತ್ತು ಕಿಲೋಗ್ರಾಮಿನ ಮನುಷ್ಯ ಇಪ್ಪತ್ತು ಟನ್ನನ್ನು ಘಟ್ಟದಲ್ಲಿ ನಿಲ್ಲಿಸಿದನು!

ಆದರೆ ಮಳೆ ಬಂದು ಬ್ಲಾಕೂ ಗಾಲಿಯೂ ಒದ್ದೆಯಾದುವೆನ್ನಿ. ಐದನೆಯ ಒಂದಾಗಿದ್ದ ಹಿಡಿತ ಏಳನೆಯ ಒಂದಕ್ಕೆ ಇಳಿದರೆ ಉಳಿಯುವುದು ೩೪೩ ಮಾತ್ರ. ಡಬ್ಬಿ ನಿಲ್ಲದು. ಆಟಿಯ ಮಳೆ ಹೊಡೆಯುವ ಈ ಘಟ್ಟದಲ್ಲಿ ಬರಿಯ ಸನ್ನೆಯನ್ನೇ ನೆಚ್ಚದೆ ಗಾಲಿಗಳ ಅಡಿಗೆ ಮರದ ಬೆಣೆಗಳನ್ನೂ ಕೊಡುವುದರ ಕಾರಣ ಇದೇ. ಗಾಡಿಯ ಗಾಲಿಗೆ ಕಲ್ಲು ಕೊಡುವ ರೈತನ ಬುದ್ಧಿಯೂ ಎಂಜಿನಿಯರನ ಬುದ್ಧಿಯೂ ಇಲ್ಲಿ ಕೈ ಕೂಡಿಸಿವೆ.

ಬಲವನ್ನು ನಲವತ್ತು ಮಡಿಮಾಡಿದ ಸನ್ನೆ ಅದಕ್ಕೆ ತಕ್ಕ ಬೆಲೆಯನ್ನೂ ಕೇಳುತ್ತದೆ. ತುದಿ ೮೦ ಸೆಂಟಿಮೀಟರು ಇಳಿದರೆ ಬ್ಲಾಕು ಸರಿಯುವುದು ೨ ಸೆಂಟಿಮೀಟರು. ಬ್ಲಾಕು ಸವೆದು, ಅದಕ್ಕೂ ಗಾಲಿಗೂ ನಡುವಣ ಸಂದು ಅದಕ್ಕಿಂತ ಅಗಲವಾದರೆ, ಸನ್ನೆ ಚೌಕಟ್ಟಿನ ತಳವನ್ನು ಮುಟ್ಟಿದರೂ ಬ್ಲಾಕು ಗಾಲಿಯನ್ನು ಮುಟ್ಟುವುದಿಲ್ಲ. ಪಿನ್ನು ಬಿದ್ದಿದೆ, ಸನ್ನೆ ಬಾಗಿದೆ, ನೋಡಿದವರಿಗೆ ಬ್ರೇಕು ಹಾಕಿದಂತೆಯೇ ಕಾಣುತ್ತದೆ. ಹಿಡಿತ ಮಾತ್ರ ಸೊನ್ನೆ. ಆದುದರಿಂದ ಸಂದನ್ನು ಆಗಾಗ ಸರಿಪಡಿಸುತ್ತಿರಬೇಕು. ಇಂದಿನ ಎಂಟು ಗಾಲಿಯ ದೊಡ್ಡ ವ್ಯಾಗನ್ನುಗಳಲ್ಲಿ ಉದ್ದ ಸನ್ನೆಯ ಜಾಗದಲ್ಲಿ ತಿರುಗಿಸುವ ಕೈಚಕ್ರ ಬಂದಿದೆ. ಕೈಚಕ್ರವೆಂದರೂ ಸುತ್ತಿಟ್ಟ ಸನ್ನೆಯೇ. ಒಳಗಿನ ಸರಳು ಮತ್ತು ತೋಳುಗಳ ಧರ್ಮ ಬದಲಾಗಿಲ್ಲ.

ಒಂದು ಕೈಬ್ರೇಕು ಹಿಡಿಯುವುದು ಬಹುಮಟ್ಟಿಗೆ ತನ್ನ ಡಬ್ಬಿಯನ್ನು ಮಾತ್ರ. ಅನಾಹುತಗಳೆಲ್ಲ ಹುಟ್ಟಿರುವುದು ಈ ಮಾತನ್ನು ಮರೆತಲ್ಲಿ. ೧೮೮೯ರ ಜೂನ್ ೧೨ರಂದು ಐರ್ಲೆಂಡಿನ ಅರ್ಮಾ ಊರಿನ ಬಳಿ ಮಕ್ಕಳ ವಿಹಾರದ ರೈಲೊಂದು ಏರನ್ನು ಹತ್ತಲಾರದೆ ನಿಂತಿತು. ಗಾಡಿಯನ್ನು ಎರಡು ಮಾಡಿ ಮುಂದಿನ ಭಾಗವನ್ನು ಮೊದಲು ಒಯ್ಯುವುದೆಂದು ಗೊತ್ತುಮಾಡಿದರು. ಆ ಗಾಡಿಯದು ತಾನಾಗಿ ಬಿಗಿಯುವ ಬ್ರೇಕಲ್ಲ. ಕೊಳವೆಯನ್ನು ಬಿಡಿಸಿದೊಡನೆ ಹಿಂದಿನ ಹತ್ತು ಡಬ್ಬಿಗಳಿಗೆ ಗಾರ್ಡಿನ ಕೈಬ್ರೇಕೊಂದೇ ಗತಿಯಾಯಿತು. ಗಾಲಿಗಳಿಗೆ ಕಲ್ಲುಗಳನ್ನೂ ಕೊಟ್ಟರು. ಹೊರಡುವ ಮುನ್ನ ಮುಂದಿನ ಭಾಗ ತುಸು ಹಿಂದಕ್ಕೆ ತಾಕಿತು, ಕಲ್ಲುಗಳು ಪುಡಿಯಾದುವು. ಹತ್ತು ಡಬ್ಬಿಗಳು ಇಳಿಜಾರಿನಲ್ಲಿ ಹಿಂದಕ್ಕೆ ಧಾವಿಸಿ, ಹಿಂದಿನಿಂದ ಬರುತ್ತಿದ್ದ ಇನ್ನೊಂದು ರೈಲಿಗೆ ಬಡಿದುವು. ಸುಮಾರು ೮೦ ಜನ ಸತ್ತರು. ಅವರಲ್ಲಿ ಮಕ್ಕಳು ಅನೇಕರು. ಅದೇ ವರ್ಷ ಬ್ರಿಟನ್ನಿನ ಸಂಸತ್ತು ಪ್ರಯಾಣಿಕರ ರೈಲುಗಳಿಗೆಲ್ಲ ತಾನಾಗಿ ಬಿಗಿಯುವ ಬ್ರೇಕನ್ನು ಕಡ್ಡಾಯಮಾಡುವ ಕಾನೂನನ್ನು ತಂದಿತು. ಅಲ್ಲಿನ ಏರು ೭೫ಕ್ಕೆ ೧. ನಮ್ಮ ಘಟ್ಟಕ್ಕಿಂತ ಸೌಮ್ಯವೇ ಸರಿ.

ತಾನಾಗಿ ಬಿಗಿಯುವ ಬ್ರೇಕು ಬಂದ ಮೇಲೆ ಕೈಬ್ರೇಕು ಬೇಡವಾಯಿತೇ? ೨೦೧೩ರಲ್ಲಿ ಕೆನಡಾ ದೇಶದಲ್ಲಿ ನಡೆದುದನ್ನು ಕೇಳಿ. ಜುಲೈ ೫ರ ರಾತ್ರಿ ಕಚ್ಚಾ ಎಣ್ಣೆಯ ೭೨ ಟ್ಯಾಂಕುಗಳ ಗಾಡಿಯೊಂದನ್ನು ನಾಂತ್ ಎಂಬಲ್ಲಿ ಇಳಿಜಾರಿನ ಮೇಲೆ ನಿಲ್ಲಿಸಿ, ಚಾಲಕನು ಏಳು ಕೈಬ್ರೇಕುಗಳನ್ನು ಹಾಕಿದನು. ಅಷ್ಟು ಸಾಕೇ ಎಂದು ಪರೀಕ್ಷಿಸಿಯೂ ನೋಡಿದನು. ಆದರೆ ಪರೀಕ್ಷೆಯ ಹೊತ್ತಿಗೆ ಎಂಜಿನುಗಳ ಗಾಳಿಯ ಬ್ರೇಕು ಬಿಗಿದೇ ಇತ್ತು. ಗಾಡಿ ಕದಲಲಿಲ್ಲ, ಅದನ್ನು ಹಿಡಿದಿದ್ದದ್ದು ಯಾವ ಬ್ರೇಕೆಂಬುದೂ ತಿಳಿಯಲಿಲ್ಲ. ರಾತ್ರಿ ಎಂಜಿನಿಗೆ ಬೆಂಕಿ ತಗುಲಿತು. ಆರಿಸಲು ಬಂದವರು ಎಂಜಿನನ್ನೂ ನಿಲ್ಲಿಸಿದರು. ಗಾಳಿ ಮೆಲ್ಲನೆ ಸೋರಿಹೋಯಿತು. ನಡುರಾತ್ರಿ ಕಳೆದ ಮೇಲೆ ಗಾಡಿ ತಾನಾಗಿಯೇ ಹೊರಟು, ಹನ್ನೊಂದು ಕಿಲೋಮೀಟರಿಗೂ ಹೆಚ್ಚು ದೂರ ಉರುಳಿ, ಗಂಟೆಗೆ ನೂರು ಕಿಲೋಮೀಟರನ್ನು ಮೀರಿದ ವೇಗದಲ್ಲಿ ಲಾಕ್-ಮೆಗಾಂತಿಕ್ ಪಟ್ಟಣದೊಳಗೆ ನುಗ್ಗಿ ಹಳಿ ತಪ್ಪಿತು. ಎಣ್ಣೆಗೆ ಬೆಂಕಿ ಹತ್ತಿ ೪೭ ಜನ ಪ್ರಾಣ ಕಳೆದುಕೊಂಡರು. ಕಡಮೆಯೆಂದರೂ ಹದಿನೇಳು ಕೈಬ್ರೇಕುಗಳು ಬೇಕಾಗಿದ್ದುವೆಂದು ತನಿಖೆ ಹೇಳಿತು. ಹತ್ತು ಚಕ್ರಗಳನ್ನು ತಿರುಗಿಸುವುದಕ್ಕೆ ಎಷ್ಟು ಹೊತ್ತು ಹಿಡಿಯುತ್ತಿತ್ತು!

ನಮ್ಮ ದೇಶದಲ್ಲಿಯೂ ೨೦೨೪ರ ಫೆಬ್ರುವರಿ ೨೫ರಂದು ಜಮ್ಮುವಿನ ಕಠುವಾ ನಿಲ್ದಾಣದಲ್ಲಿ ನಿಂತಿದ್ದ, ಜಲ್ಲಿ ತುಂಬಿದ ೫೩ ವ್ಯಾಗನ್ನುಗಳ ಗಾಡಿ ಚಾಲಕನಿಲ್ಲದೆಯೇ ಹೊರಟು ಎಪ್ಪತ್ತು ಕಿಲೋಮೀಟರಿನಷ್ಟು ದೂರ ಓಡಿ ಪಂಜಾಬನ್ನು ಸೇರಿತು. ದಾರಿಯ ಗೇಟುಗಳನ್ನು ಮುಚ್ಚಿಸಿದ್ದರಿಂದಲೂ ಎದುರಿಗೆ ಬೇರೆ ಗಾಡಿ ಇಲ್ಲದ್ದರಿಂದಲೂ ಯಾರಿಗೂ ಅಪಾಯವಾಗಲಿಲ್ಲ.

ಘಟ್ಟದ ಮಾರ್ಗಗಳಲ್ಲಿ ಹೀಗೆ ಕೈತಪ್ಪಿದ ಗಾಡಿಯನ್ನು ಹಿಡಿಯಲೆಂದೇ ನಿಲ್ದಾಣದ ಬಳಿ ಒಂದು ಕವಲುಹಳಿಯನ್ನು ಹಾಕುವುದುಂಟು. ಅದು ಮುಖ್ಯ ಹಳಿಯಿಂದ ಅಗಲಿ ಗುಡ್ಡದ ಕಡೆಗೆ ಏರಿ ಅಲ್ಲಿಯೇ ಮುಗಿಯುತ್ತದೆ. ೮೦ಕ್ಕೆ ೧ಕ್ಕಿಂತ ಕಡಿದಾದ ಇಳಿಜಾರು ನಿಲ್ದಾಣದತ್ತ ಬರುವಲ್ಲಿ ಇಂಥ ಹಳಿ ಬೇಕೆಂಬುದು ನಿಯಮ. ಇಳಿಯುವ ಎಂಜಿನುಗಳಿಗೆ ಇನ್ನೊಂದು ನೆರವೂ ಇದೆ: ಗಾಲಿಗಳನ್ನು ತಿರುಗಿಸುವ ಮೋಟಾರುಗಳೇ ವಿದ್ಯುತ್ತನ್ನು ಹುಟ್ಟಿಸುವ ಯಂತ್ರಗಳಾಗಿ ಗಾಡಿಯ ವೇಗವನ್ನು ಹಿಂದೆಳೆಯುತ್ತವೆ. ಇದರಿಂದ ಬ್ಲಾಕುಗಳು ಕಾದು ಕೆಂಪಾಗುವುದು ತಪ್ಪಿದೆ. ಆದರೆ ಈ ಉಪಾಯ ಗಾಲಿ ತಿರುಗುತ್ತಿರುವಷ್ಟು ಹೊತ್ತು ಮಾತ್ರ. ನಿಂತ ಮೇಲೆ ಮತ್ತೆ ಸನ್ನೆಯೇ ಬೇಕು.

ಹಾಕಿದ ಕೈಬ್ರೇಕನ್ನು ಹೊರಡುವ ಮುನ್ನ ಬಿಡಿಸಲೂಬೇಕು. ಒಂದನ್ನು ಮರೆತರೂ ಆ ಡಬ್ಬಿಯ ಗಾಲಿ ಉರುಳದೆ ಹಳಿಯ ಮೇಲೆ ಉಜ್ಜುತ್ತ ಹೋಗಿ ಒಂದು ಮಗ್ಗುಲು ಚಪ್ಪಟೆಯಾಗುತ್ತದೆ. ಆಮೇಲೆ ಅದು ಉರುಳಿದಲ್ಲೆಲ್ಲ ಸುತ್ತಿಗೆಯಿಂದ ಬಡಿದಂತೆ ಟಕಟಕನೆ ಸದ್ದು. ಇಲ್ಲವೆ ಬ್ಲಾಕು ಕಾದು ಹೊಗೆಯೇಳುತ್ತದೆ. ನಿಲ್ದಾಣದ ಮುಂದೆ ಸರಕು ಗಾಡಿಯೊಂದು ಹಾದುಹೋಗುವಾಗ ಸ್ಟೇಷನ್ ಮಾಸ್ತರರು ಹಸಿರು ಬಾವುಟ ಹಿಡಿದು ನಿಂತಿರುವುದನ್ನು ನೀವು ನೋಡಿರಬಹುದು. ಅವರ ಕಣ್ಣು ಆಗ ಡಬ್ಬಿಗಳ ಮೇಲಿರುವುದಿಲ್ಲ, ಗಾಲಿಗಳ ಮೇಲಿರುತ್ತದೆ.