ಟೋ ಟ್ರಾಕ್ಟರು: ಎಳೆಯುವ ಯಂತ್ರದ ವಿಜ್ಞಾನವೂ ಅದರ ಪುನರುಜ್ಜೀವನವೂ

ಹೊಳಲ್ಕೆರೆಯ ಸುತ್ತಿನ ಹಳ್ಳಿಗಳಲ್ಲಿ ಟ್ರಾಕ್ಟರು ಎಂದೊಡನೆ ದೊಡ್ಡ ಹಿಂಗಾಲಿಗಳುಳ್ಳ, ಹೊಲವನ್ನು ಉಳುವ ಯಂತ್ರವೇ ಎಲ್ಲರ ಕಣ್ಣಮುಂದೆ ಬರುತ್ತದೆ. ಆದರೆ ಈ ಪದದ ಮೂಲವಾದ ಲ್ಯಾಟಿನ್ ಧಾತುವಿಗೆ ‘ಎಳೆ’ ಎಂದಷ್ಟೇ ಅರ್ಥ. ಉಳುಮೆಗೂ ಅದಕ್ಕೂ ಸಂಬಂಧವಿಲ್ಲ. ಹೊಲವನ್ನು ಎಂದೂ ಕಾಣದೆ, ಕಾರ್ಖಾನೆಯ ಅಂಗಳ, ಬಂದರು, ರೈಲ್ವೆ ಪ್ಲಾಟ್‌ಫಾರಂ, ವಿಮಾನನಿಲ್ದಾಣ ಇವುಗಳಲ್ಲಿಯೇ ತನ್ನ ಆಯುಷ್ಯವನ್ನೆಲ್ಲ ಕಳೆಯುವ ಇನ್ನೊಂದು ಜಾತಿಯ ಟ್ರಾಕ್ಟರು ಉಂಟು. ಅದೇ ಟೋ ಟ್ರಾಕ್ಟರು. ಗಿಡ್ಡ ದೇಹ, ಸಣ್ಣ ಗಾಲಿಗಳು, ಮುಂದೆ ದಪ್ಪನಾದ ಉಕ್ಕಿನ ತಡೆಹಲಗೆ, ಹಿಂದೆ ಒಂದು ಬಲವಾದ ಕೊಕ್ಕೆ. ನೋಡುವುದಕ್ಕೆ ಅಂದವಿಲ್ಲ. ಆದರೆ ಭೌತಶಾಸ್ತ್ರದ ಪಾಠಕ್ಕೆ ಇದಕ್ಕಿಂತ ಒಳ್ಳೆಯ ಉಪಕರಣ ಸಿಕ್ಕುವುದು ಕಷ್ಟ.

1917ರಲ್ಲಿ ಅಮೆರಿಕದ ಮಿಷಿಗನ್ ಪ್ರಾಂತದ ಬ್ಯುಕ್ಯಾನನ್ ಎಂಬ ಊರಿನಲ್ಲಿದ್ದ ಕ್ಲಾರ್ಕ್ ಕಾರ್ಖಾನೆಯವರು ತಮ್ಮ ಎರಕದ ಸಾಮಾನುಗಳನ್ನು ಒಂದು ವಿಭಾಗದಿಂದ ಇನ್ನೊಂದಕ್ಕೆ ಸಾಗಿಸಲು ಮೂರು ಗಾಲಿಯ ಒಂದು ಮೋಟಾರು ಗಾಡಿಯನ್ನು ಮಾಡಿಕೊಂಡರು. ಸ್ವಂತ ಉಪಯೋಗಕ್ಕೆಂದು ಮಾಡಿದ್ದನ್ನು ಕಂಡ ಬೇರೆಯವರು ತಮಗೂ ಬೇಕೆಂದು ಕೇಳಿದರು. ಹೀಗೆ ಆರಂಭವಾದ ವಂಶದಿಂದ ಹುಟ್ಟಿದ ‘ಕ್ಲಾರ್ಕ್‌ಟರ್’ ಎಂಬ ಟೋ ಟ್ರಾಕ್ಟರುಗಳು ಎರಡನೆಯ ಮಹಾಯುದ್ಧದ ಕಾಲದಲ್ಲಿ ಅಮೆರಿಕದ ವಿಮಾನದಳದ ನೆಲೆಗಳಲ್ಲಿ ವಿಮಾನಗಳನ್ನೂ ಬಾಂಬಿನ ಗಾಡಿಗಳನ್ನೂ ಎಳೆದವು.

ಆ ಯುದ್ಧದ ಗಾಳಿ ನಮ್ಮ ನಾಡಿಗೂ ಬೀಸಿತ್ತು. 1940ರ ಡಿಸೆಂಬರಿನಲ್ಲಿ ವಾಲ್‌ಚಂದ್ ಹೀರಾಚಂದರು ಮೈಸೂರು ಸರ್ಕಾರದ ಸಹಾಯದಿಂದ ಬೆಂಗಳೂರಿನಲ್ಲಿ ಹಿಂದುಸ್ತಾನ್ ಏರ್‌ಕ್ರಾಫ್ಟ್ ಕಾರ್ಖಾನೆಯನ್ನು ಸ್ಥಾಪಿಸಿದರು. 1943ರಲ್ಲಿ ಅದರ ಆಡಳಿತ ಅಮೆರಿಕದ ವಿಮಾನದಳದ ಕೈಸೇರಿ, ಅದು ದೊಡ್ಡ ದುರಸ್ತಿ ಕೇಂದ್ರವಾಯಿತು. ನೀರಿನ ಮೇಲೆ ಇಳಿಯಬಲ್ಲ ಕ್ಯಾಟಲೀನಾ ವಿಮಾನಗಳು ಬೆಳ್ಳಂದೂರು ಕೆರೆಗೆ ಬಂದಿಳಿಯುತ್ತಿದ್ದುದೂ ಆಗಲೇ. ಯುದ್ಧ ಮುಗಿದ ಮೇಲೆ ಈ ಕಾರ್ಖಾನೆ ಮಾಡಿದ ಒಂದು ಕೆಲಸ ಹಳೆಯ ಯಂತ್ರಗಳ ಪುನರುಜ್ಜೀವನದ ಚರಿತ್ರೆಯಲ್ಲಿ ನೆನಪಿಡತಕ್ಕದ್ದು. ಬ್ರಿಟಿಷರು ಬಿಟ್ಟುಹೋಗುವಾಗ, ಮತ್ತೆ ಹಾರಬಾರದೆಂದು ಉದ್ದೇಶಪೂರ್ವಕವಾಗಿಯೇ ಕೆಡಿಸಿ, ಕಾನ್ಪುರದಲ್ಲಿ ಗುಡ್ಡೆಹಾಕಿದ್ದ ಲಿಬರೇಟರ್ ಎಂಬ ನಾಲ್ಕು ಎಂಜಿನ್ನಿನ ಬಾಂಬರುಗಳನ್ನು ನಮ್ಮ ತಂತ್ರಜ್ಞರು ಒಂದರ ಭಾಗವನ್ನು ಇನ್ನೊಂದಕ್ಕೆ ಜೋಡಿಸಿ ಹಾರುವ ಮಟ್ಟಕ್ಕೆ ತಂದರು. ಕಾರ್ಖಾನೆಯ ಪರೀಕ್ಷಾ ಚಾಲಕ ಜಂಷೆಡ್ ಮುನ್ಷಿಯವರು ಅವುಗಳನ್ನು ಬೆಂಗಳೂರಿಗೆ ಹಾರಿಸಿ ತಂದರು. ಇಲ್ಲಿ ಪೂರ್ಣ ದುರಸ್ತಿಗೊಂಡ 40ರಷ್ಟು ವಿಮಾನಗಳು 1948ರಿಂದ ಭಾರತೀಯ ವಾಯುಸೇನೆಯನ್ನು ಸೇರಿ 1968ರವರೆಗೆ ದುಡಿದುವು. ಅವುಗಳಲ್ಲಿ ಒಂದು ಇಂದು ಬ್ರಿಟನ್ನಿನ ರಾಯಲ್ ಏರ್ ಫೋರ್ಸ್ ವಸ್ತುಸಂಗ್ರಹಾಲಯದಲ್ಲಿದೆ. ಕೆಡಿಸಿದವರ ಮನೆಯಲ್ಲಿಯೇ ಅದಕ್ಕೆ ಗೌರವದ ಸ್ಥಾನ ದೊರೆತಿರುವುದು ಸ್ವಾರಸ್ಯದ ಸಂಗತಿಯಲ್ಲವೆ?

ಹಾರಿದ ವಿಮಾನಕ್ಕೆ ಚರಿತ್ರೆಯುಂಟು. ಅದನ್ನು ಹ್ಯಾಂಗರಿನಿಂದ ಹೊರಕ್ಕೆ ಎಳೆದು ತಂದ ಟ್ರಾಕ್ಟರಿಗೆ ಇಲ್ಲ. ಆದುದರಿಂದ ಆ ಎಳೆತದ ಲೆಕ್ಕವನ್ನಾದರೂ ಮೊದಲು ಮಾಡೋಣ.

ಬರಿಯ ಲಿಬರೇಟರಿನ ತೂಕ ಸುಮಾರು 16.5 ಟನ್. ಅದರ ಒಂದೊಂದು ಎಂಜಿನ್ನಿನ ಸಾಮರ್ಥ್ಯ 1,200 ಅಶ್ವಶಕ್ತಿ, ಒಟ್ಟು 4,800. ಇಂಥ ದೈತ್ಯನನ್ನು ನೆಲದ ಮೇಲೆ ಎಳೆಯಲು ಎಷ್ಟು ಬಲ ಬೇಕು? 16.5 ಟನ್ ಎಂದು ಅವಸರದಲ್ಲಿ ಉತ್ತರ ಹೇಳುವ ವಿದ್ಯಾರ್ಥಿಗಳು ಪ್ರತಿವರ್ಷವೂ ಇರುತ್ತಾರೆ. ಅದು ಎತ್ತುವುದಕ್ಕೆ ಬೇಕಾದ ಬಲ. ಸಮನೆಲದಲ್ಲಿ ಎಳೆಯುವಾಗ ನಾವು ಎದುರಿಸಬೇಕಾದದ್ದು ಗಾಲಿಗಳ ಉರುಳುಘರ್ಷಣೆಯನ್ನು ಮಾತ್ರ. ರಬ್ಬರ್ ಟೈರು ಕಾಂಕ್ರೀಟಿನ ಮೇಲೆ ಉರುಳುವಾಗ ಇದು ತೂಕದ ನೂರರಲ್ಲಿ ಎರಡು ಭಾಗದಷ್ಟು. ಅಂದರೆ ಸುಮಾರು 330 ಕಿಲೋಗ್ರಾಂ ತೂಕಕ್ಕೆ ಸಮನಾದ ಬಲ. ನ್ಯೂಟನ್ನುಗಳಲ್ಲಿ ಹೇಳುವುದಾದರೆ 3,240.

ನಮ್ಮ ಕಡೆಯ ರೈತರಿಗೆ ಈ ತತ್ತ್ವ ಹೊಸದಲ್ಲ. ಕಬ್ಬಿಣದ ಪಟ್ಟಿ ಹಾಕಿದ ಮರದ ಗಾಲಿಯ ಗಾಡಿಯನ್ನು ಮಳೆಗಾಲದ ಮೆತ್ತನೆಯ ಹೊಲದಲ್ಲಿ ಎಳೆಯುವಾಗ ಎತ್ತುಗಳು ಮೊಣಕಾಲೂರುತ್ತವೆ. ಅಲ್ಲಿ ಪ್ರತಿರೋಧ ತೂಕದ ಹತ್ತನೆಯ ಒಂದು ಭಾಗವನ್ನೂ ಮೀರಬಹುದು. ಅದೇ ಹೇರನ್ನು ಟೈರಿನ ಗಾಡಿಗೆ ಹಾಕಿ ಡಾಂಬರು ರಸ್ತೆಗೆ ಬಿಟ್ಟರೆ ಎತ್ತುಗಳು ಸಲೀಸಾಗಿ ನಡೆಯುತ್ತವೆ. ನಮ್ಮ ತಾಲ್ಲೂಕಿನ ಚಿಕ್ಕಜಾಜೂರು ಜಂಕ್ಷನ್ನಿನಲ್ಲಿ ಇದರ ಇನ್ನೊಂದು ತುದಿಯನ್ನು ಕಾಣಬಹುದು. ಉಕ್ಕಿನ ಹಳಿಯ ಮೇಲೆ ಉಕ್ಕಿನ ಗಾಲಿ ಉರುಳುವಾಗ ಎರಡೂ ಬಹಳ ಕಡಿಮೆ ತಗ್ಗುವುದರಿಂದ ಪ್ರತಿರೋಧ ಸಾವಿರದಲ್ಲಿ ಕೆಲವೇ ಭಾಗಗಳಿಗೆ ಇಳಿಯುತ್ತದೆ. ಸಮಮಟ್ಟದ ಹಳಿಯ ಮೇಲೆ ಒಂಟಿ ವ್ಯಾಗನ್ನನ್ನು ನಾಲ್ಕಾರು ಜನ ಹೆಗಲುಕೊಟ್ಟು ತಳ್ಳಬಹುದಾದದ್ದು ಇದರಿಂದಲೇ.

ಈಗ ಸಾಮರ್ಥ್ಯವನ್ನು ನೋಡೋಣ. ವಿಮಾನವನ್ನು ಮನುಷ್ಯನ ನಡಿಗೆಯ ವೇಗದಲ್ಲಿ, ಎಂದರೆ ಗಂಟೆಗೆ 5 ಕಿಲೋಮೀಟರಿನಂತೆ, ಎಳೆದರೆ ಸೆಕೆಂಡಿಗೆ ಸುಮಾರು 1.4 ಮೀಟರು. ಬಲವನ್ನು ವೇಗದಿಂದ ಗುಣಿಸಿದರೆ 4,500 ವ್ಯಾಟ್. ಇದು ಆರು ಅಶ್ವಶಕ್ತಿ! 4,800 ಅಶ್ವಶಕ್ತಿಯ ವಿಮಾನವನ್ನು ಎಳೆಯಲು ಆರು ಸಾಕು. ಟೋ ಟ್ರಾಕ್ಟರಿನ ರಹಸ್ಯವೆಲ್ಲ ಇಲ್ಲಿದೆ. ಅದಕ್ಕೆ ಬೇಕಾದದ್ದು ದೊಡ್ಡ ಬಲ, ದೊಡ್ಡ ಸಾಮರ್ಥ್ಯವಲ್ಲ. ವೇಗವನ್ನು ತ್ಯಾಗಮಾಡಿ ಬಲವನ್ನು ಪಡೆಯುವುದೇ ಗಿಯರುಗಳ ಕೆಲಸ. ಎಂಜಿನ್ನಿನ ತಿರುಚುಬಲ 196 ನ್ಯೂಟನ್-ಮೀಟರು, ಕೆಳಗಿನ ಗಿಯರಿನಲ್ಲಿ ಒಟ್ಟು ಅನುಪಾತ 30, ಗಾಲಿಯ ತ್ರಿಜ್ಯ 0.4 ಮೀಟರು ಎಂದು ಇಟ್ಟುಕೊಂಡರೆ, ಗಾಲಿಯ ಅಂಚಿನಲ್ಲಿ 14,700 ನ್ಯೂಟನ್ ದೊರೆಯುತ್ತದೆ. ಗಿಯರುಗಳ ಘರ್ಷಣೆಗೆ ಐದರಲ್ಲೊಂದು ಭಾಗ ಹೋದರೂ ಸುಮಾರು 1,200 ಕಿಲೋಗ್ರಾಂ ತೂಕಕ್ಕೆ ಸಮನಾದ ಎಳೆತ ಉಳಿಯುತ್ತದೆ.

ಆದರೆ ಗಾಲಿ ತಿರುಗಿದರೆ ಸಾಲದು, ನೆಲವನ್ನು ಹಿಡಿಯಬೇಕು. ಮೂರು ಟನ್ ತೂಕದ ಟ್ರಾಕ್ಟರಿನ ಹಿಂಗಾಲಿಗಳ ಮೇಲೆ ಎರಡು ಟನ್ ಭಾರ ಬೀಳುತ್ತದೆ ಎಂದುಕೊಳ್ಳೋಣ. ಒಣ ಕಾಂಕ್ರೀಟಿನ ಮೇಲೆ ಘರ್ಷಣಾಂಕ 0.6 ಆದರೆ ಅತ್ಯಧಿಕ ಎಳೆತ 1,200 ಕಿಲೋಗ್ರಾಂ. ನೆಲದ ಮೇಲೆ ಎಣ್ಣೆ ಚೆಲ್ಲಿ ಒದ್ದೆಯಾಗಿ ಘರ್ಷಣಾಂಕ 0.2ಕ್ಕೆ ಇಳಿದರೆ 400 ಮಾತ್ರ. ಉರುಳಿಸುತ್ತಿರಲು 330 ಸಾಕಾದರೂ, ನಿಂತ ವಿಮಾನವನ್ನು ಏಳು ಸೆಕೆಂಡುಗಳಲ್ಲಿ ನಡಿಗೆಯ ವೇಗಕ್ಕೆ ತರಲು ವೇಗೋತ್ಕರ್ಷಕ್ಕಾಗಿ ಮತ್ತೆ ಅಷ್ಟೇ ಬಲ ಬೇಕಾಗುವುದರಿಂದ ಗಾಲಿಗಳು ನಿಂತಲ್ಲಿಯೇ ಜಾರುತ್ತವೆ. ಟೋ ಟ್ರಾಕ್ಟರಿನ ದೇಹವನ್ನು ದಪ್ಪ ತಗಡು, ಎರಕದ ಕಬ್ಬಿಣಗಳಿಂದ ಬೇಕೆಂದೇ ಭಾರವಾಗಿ ಮಾಡುವುದು ಈ ಕಾರಣದಿಂದ. ಮೋಟಾರು ಕಾರಿನಲ್ಲಿ ಭಾರ ದೋಷ. ಇಲ್ಲಿ ಅದೇ ಗುಣ.

ಎಳೆದದ್ದನ್ನು ನಿಲ್ಲಿಸಬೇಕಲ್ಲ! ವಿಮಾನದೊಳಗೆ ಬ್ರೇಕು ಹಿಡಿಯಲು ಒಬ್ಬನನ್ನು ಕೂರಿಸುವ ಪದ್ಧತಿಯುಂಟು. ಅವನಿಲ್ಲದೆ ಟ್ರಾಕ್ಟರಿನ ನಾಲ್ಕು ಗಾಲಿಗಳೇ ಒಟ್ಟು 19.5 ಟನ್ನನ್ನು ತಡೆಯಬೇಕಾದರೆ, ನಡಿಗೆಯ ವೇಗದಲ್ಲಿ ಸುಮಾರು ಒಂದು ಮೀಟರಿನಲ್ಲಿ ನಿಲ್ಲಬಹುದು. ಗಂಟೆಗೆ 20 ಕಿಲೋಮೀಟರಿನ ವೇಗದಲ್ಲಾದರೆ 17 ಮೀಟರು ಬೇಕು. ವೇಗ ನಾಲ್ಕು ಪಟ್ಟಾದರೆ ದೂರ ಹದಿನಾರು ಪಟ್ಟು. ಹ್ಯಾಂಗರಿನ ಗೋಡೆ ಅಷ್ಟು ದೂರ ಕಾಯುವುದಿಲ್ಲ.

ಇಂಥ ಟ್ರಾಕ್ಟರೊಂದು ಇಪ್ಪತ್ತು ಮೂವತ್ತು ವರ್ಷ ಮಳೆಬಿಸಿಲಿನಲ್ಲಿ ನಿಂತು, ಗುಜರಿಯವನ ತಕ್ಕಡಿಗೆ ಹೋಗುವುದರಲ್ಲಿದೆ ಎಂದು ಭಾವಿಸೋಣ. ಅದನ್ನು ಬದುಕಿಸಲು ಹೊರಟವನು ಮೊದಲು ಸುತ್ತಿಗೆ ಹಿಡಿಯದೆ ಕಾಗದ ಪೆನ್ಸಿಲು ಹಿಡಿಯಬೇಕು. ಯಂತ್ರದ ದುಡಿಮೆಯ ಚರಿತ್ರೆ ಅದರ ಮೈಮೇಲೆಯೇ ಬರೆದಿರುತ್ತದೆ. ಕೊಕ್ಕೆಯ ಗೂಟ ಕೂರುವ ತೂತು ದುಂಡಾಗಿರದೆ ಹಿಂದುಮುಂದಾಗಿ ನೀಳವಾಗಿದ್ದರೆ ಅದು ಎಳೆತದ ಗುರುತು. ಮುಂದಿನ ತಡೆಹಲಗೆಯಲ್ಲಿ ಒಂದೇ ಎತ್ತರದಲ್ಲಿ ತಗ್ಗುಗಳಿದ್ದರೆ ಅದು ಒಂದೇ ಬಗೆಯ ಗಾಡಿಗಳನ್ನು ತಳ್ಳುತ್ತಲೂ ಇತ್ತೆಂದು ತಿಳಿಯಬೇಕು. ವೇಗವರ್ಧಕದ ಪೆಡಲಿಗಿಂತ ಕ್ಲಚ್ಚು ಬ್ರೇಕುಗಳ ಪೆಡಲು ಹೆಚ್ಚು ಸವೆದಿದ್ದರೆ, ಗಳಿಗೆಗೊಮ್ಮೆ ನಿಂತು ಹೊರಡುವ ಅಂಗಳದ ಕೆಲಸ. ಬಣ್ಣದ ಒಂದು ಮೂಲೆಯನ್ನು ನಯವಾಗಿ ಉಜ್ಜಿದರೆ ಒಂದರ ಕೆಳಗೊಂದು ಪದರಗಳು ಕಂಡು, ಅದು ಎಷ್ಟು ಒಡೆಯರನ್ನು ಕಂಡಿತೆಂಬುದು ಸೂಚಿತವಾಗುತ್ತದೆ. ಇದನ್ನೆಲ್ಲ ಗುರುತು ಹಾಕಿಕೊಳ್ಳದೆ, ಮರಳು ಊದಿ ಮೈಯನ್ನು ಬೆಳಗಿ ಹೊಳೆಯುವ ಬಣ್ಣ ಬಳಿಯುವವರನ್ನು ಕಂಡರೆ ಶಾಸನದ ಕಲ್ಲನ್ನು ಕೆತ್ತಿ ನಯಗೊಳಿಸುವವರ ನೆನಪಾಗುತ್ತದೆ.

ಆಮೇಲೆ ತುಕ್ಕಿನ ಸಮಸ್ಯೆ. ಕಬ್ಬಿಣವು ತುಕ್ಕಾಗುವಾಗ ಆಮ್ಲಜನಕವನ್ನೂ ನೀರನ್ನೂ ಕೂಡಿಕೊಂಡು ಮೂಲ ಗಾತ್ರದ ಎರಡು ಪಟ್ಟಿಗೂ ಮೀರಿ ಉಬ್ಬುತ್ತದೆ. ಬೋಲ್ಟು-ನಟ್ಟುಗಳ ನಡುವಣ ಸಂದಿಯಲ್ಲಿ ಹೀಗೆ ಉಬ್ಬಿದ ತುಕ್ಕು ಬೆಣೆಯಂತೆ ಕೆಲಸಮಾಡುತ್ತದೆ. ಬಲವಂತದಿಂದ ತಿರುಗಿಸಿದರೆ ಬೋಲ್ಟೇ ಮುರಿಯುವುದು. ನಟ್ಟನ್ನು ಮಾತ್ರ ಕಾಯಿಸುವುದು ಸರಿಯಾದ ಉಪಾಯ. ಕಾಯ್ದ ನಟ್ಟಿನ ತೂತು ಕಿರಿದಾಗುತ್ತದೆಯೆ, ಹಿರಿದಾಗುತ್ತದೆಯೆ? ಹಿರಿದಾಗುತ್ತದೆ, ತೂತಿನ ಜಾಗದಲ್ಲಿ ಕಬ್ಬಿಣವೇ ತುಂಬಿದ್ದರೆ ಅದು ಎಷ್ಟು ಹಿಗ್ಗುತ್ತಿತ್ತೋ ಅಷ್ಟು. 20 ಮಿಲಿಮೀಟರಿನ ತೂತು 200 ಡಿಗ್ರಿ ಹೆಚ್ಚು ಕಾಯ್ದರೆ 0.05 ಮಿಲಿಮೀಟರಿನಷ್ಟು ಅಗಲವಾಗುತ್ತದೆ. ಒಂದು ತೆಳುವಾದ ಕೂದಲಿನ ದಪ್ಪ! ತುಕ್ಕಿನ ಹಿಡಿತ ಬಿಡಲು ಅಷ್ಟೇ ಸಾಕಾಗುತ್ತದೆ. ಪೆಟ್ರೋಲು ಟ್ಯಾಂಕನ್ನು ಕಳಚಿ ದೂರವಿಡದೆ ಈ ಕೆಲಸಕ್ಕೆ ಕೈಹಾಕಕೂಡದು. ಖಾಲಿ ಟ್ಯಾಂಕು ತುಂಬಿದ ಟ್ಯಾಂಕಿಗಿಂತ ಅಪಾಯಕಾರಿ. ಗಾಳಿಯಲ್ಲಿ ನೂರಕ್ಕೆ ಒಂದೂವರೆಯಿಂದ ಏಳರವರೆಗೆ ಪೆಟ್ರೋಲಿನ ಆವಿ ಬೆರೆತಿದ್ದರೆ ಒಂದು ಕಿಡಿಗೆ ಅದು ಸಿಡಿಯುತ್ತದೆ.

ಬಿಗಿದುಕೊಂಡ ಎಂಜಿನ್ನನ್ನು ಇನ್ನೊಂದು ಟ್ರಾಕ್ಟರಿಗೆ ಕಟ್ಟಿ ಎಳೆದು ತಿರುಗಿಸುವ ಚಪಲ ಅನೇಕರಿಗುಂಟು. ಪಿಸ್ಟನ್ ಉಂಗುರಗಳು ತುಕ್ಕಿನಿಂದ ಸಿಲಿಂಡರಿಗೆ ಕಚ್ಚಿಕೊಂಡಿರುವಾಗ ಹೀಗೆ ಮಾಡಿದರೆ ಉಂಗುರಗಳು ಚೂರಾಗುತ್ತವೆ. ಸ್ಪಾರ್ಕ್ ಪ್ಲಗ್ಗುಗಳನ್ನು ಬಿಚ್ಚಿ, ಸೀಮೆಎಣ್ಣೆಯನ್ನೂ ತೆಳುವಾದ ಯಂತ್ರದೆಣ್ಣೆಯನ್ನೂ ಬೆರೆಸಿ ಒಳಗೆ ಸುರಿದು ಒಂದು ವಾರ ಸುಮ್ಮನಿರಬೇಕು. ದೀಪದ ಬತ್ತಿಯಲ್ಲಿ ಎಣ್ಣೆಯನ್ನು ಏರಿಸುವ ಲೋಮನಾಳಾಕರ್ಷಣೆಯೇ ಇಲ್ಲಿ ಕೂದಲೆಳೆಯ ಸಂದಿಗಳೊಳಕ್ಕೆ ಎಣ್ಣೆಯನ್ನು ಒಯ್ಯುತ್ತದೆ. ಅನಂತರ ಉದ್ದನೆಯ ಸನ್ನೆಯಿಂದ ಎಂಜಿನ್ನನ್ನು ಅತ್ತಿತ್ತ ಒಂದೊಂದು ಬೆರಳಗಲ ಆಡಿಸುತ್ತ ಬಂದರೆ, ಸಾಮಾನ್ಯವಾಗಿ ಅದು ಸಡಿಲುತ್ತದೆ. ತಾಳ್ಮೆಯ ಕೆಲಸ.

ಕಿಡಿಯ ವ್ಯವಸ್ಥೆ 1831ರಲ್ಲಿ ಫ್ಯಾರಡೆ ಕಂಡುಹಿಡಿದ ವಿದ್ಯುತ್ಕಾಂತ ಪ್ರೇರಣೆಯ ಪ್ರತ್ಯಕ್ಷ ಪಾಠ. ಆರು ವೋಲ್ಟಿನ ಬ್ಯಾಟರಿಯ ಪ್ರವಾಹವನ್ನು ಒಂದು ಸುರುಳಿಯಲ್ಲಿ ಹರಿಸಿ ಥಟ್ಟನೆ ಕಡಿದರೆ, ಅದರೊಡನಿರುವ ಸಾವಿರಾರು ಸುತ್ತಿನ ಎರಡನೆಯ ಸುರುಳಿಯಲ್ಲಿ ಸಾವಿರಾರು ವೋಲ್ಟು ಹುಟ್ಟಿ ಕಿಡಿ ಹಾರುತ್ತದೆ. ಪ್ರವಾಹವನ್ನು ಕಡಿಯುವ ಎರಡು ಸಣ್ಣ ತುದಿಗಳ ಮೇಲೆ ಆಕ್ಸೈಡಿನ ತೆಳುಪದರ ಬೆಳೆದಿದ್ದರೆ ಪ್ರವಾಹವೇ ಹರಿಯದು. ಎಷ್ಟೋ ವೇಳೆ ‘ಸತ್ತ’ ಎಂಜಿನ್ನು ಬದುಕಲು ಇವನ್ನು ನಯವಾಗಿ ಉಜ್ಜುವುದೊಂದೇ ಸಾಕು. ನಮ್ಮ ಜಿಲ್ಲೆಯಲ್ಲಿ ಇನ್ನೊಂದು ಎಚ್ಚರಿಕೆಯೂ ಬೇಕು. ಕೊಳವೆಬಾವಿಗಳ ಗಡಸುನೀರನ್ನು ತುಂಬಿ ಓಡಿಸಿದ ಎಂಜಿನ್ನಿನ ಒಳಗೋಡೆಗೆ ಸುಣ್ಣದ ಕಿಟ್ಟ ಕಟ್ಟಿರುತ್ತದೆ. ಅದು ಶಾಖವನ್ನು ಸಾಗಿಸುವುದರಲ್ಲಿ ಕಬ್ಬಿಣಕ್ಕಿಂತ ಇಪ್ಪತ್ತೈದು ಪಟ್ಟಿಗೂ ಹೆಚ್ಚು ಸೋಮಾರಿ.

ಬ್ರೇಕುಗಳ ದುರಸ್ತಿ ಮುಗಿಯುವವರೆಗೆ ಎಂಜಿನ್ನನ್ನು ಚಾಲೂಮಾಡಲೇಬಾರದೆಂಬುದು ನನ್ನ ಖಚಿತವಾದ ಅಭಿಪ್ರಾಯ. ಕ್ಲಚ್ಚಿನ ತಟ್ಟೆ ಎಷ್ಟೋ ವರ್ಷಗಳ ತುಕ್ಕಿನಿಂದ ಅಂಟಿಕೊಂಡಿದ್ದು ಗಿಯರಿನಲ್ಲಿಯೇ ಎಂಜಿನ್ನು ಹೊತ್ತಿಕೊಂಡರೆ, ಮೂರು ಟನ್ನಿನ ಕಬ್ಬಿಣ ತಾನಾಗಿ ಹೊರಡುತ್ತದೆ. ಕೈಹಿಡಿಯಿಂದ ತಿರುಗಿಸುವವನು ಹೆಬ್ಬೆರಳನ್ನು ಉಳಿದ ಬೆರಳುಗಳ ಕಡೆಗೇ ಇಟ್ಟುಕೊಂಡು, ಮೇಲಕ್ಕೆ ಎಳೆಯಬೇಕೇ ಹೊರತು ಕೆಳಕ್ಕೆ ಒತ್ತಬಾರದು. ಕಿಡಿ ಅವಧಿಗೆ ಮುಂಚೆ ಹಾರಿದರೆ ಹಿಡಿ ಹಿಮ್ಮುಖವಾಗಿ ಒದೆಯುತ್ತದೆ. ಮಣಿಕಟ್ಟು ಮುರಿದುಕೊಂಡವರು ಬಹಳ ಮಂದಿ.

ಎಂಜಿನ್ನು ಓಡಿ, ಎಣ್ಣೆಯ ಒತ್ತಡದ ಮುಳ್ಳು ಮೇಲೇರಿ, ಬ್ರೇಕು ಹಿಡಿಯುವುದು ಖಾತ್ರಿಯಾದ ಮೇಲೆ ಟ್ರಾಕ್ಟರಿನ ಎಳೆತವನ್ನು ಅಳೆಯಬಹುದು. ಕಾಲೇಜಿನ ವಿದ್ಯಾರ್ಥಿಗಳು ಇದೇ ಪ್ರಯೋಗವನ್ನು ಟ್ರಾಕ್ಟರಿಲ್ಲದೆಯೂ ಮಾಡಬಹುದು. ಮೂಟೆ ತೂಗುವ ಸ್ಪ್ರಿಂಗ್ ತಕ್ಕಡಿಯನ್ನು ತೂಕ ಗೊತ್ತಿರುವ ಖಾಲಿ ಟೈರಿನ ಗಾಡಿಯ ಮೂಕಿಗೆ ಕಟ್ಟಿ, ಸಮನೆಲದಲ್ಲಿ ನಿಧಾನವಾಗಿ ಎಳೆಯಲಿ. ಗಾಡಿ ಅಲುಗುವ ಕ್ಷಣದ ಅಂಕಿಯನ್ನೂ, ಉರುಳುತ್ತಿರುವಾಗಿನ ಅಂಕಿಯನ್ನೂ ಬೇರೆ ಬೇರೆ ಗುರುತಿಸಿಕೊಳ್ಳಲಿ. ಅನಂತರ ಟೈರಿನ ಗಾಳಿಯನ್ನು ಅರ್ಧ ಬಿಟ್ಟು ಮತ್ತೆ ಅಳೆದು, ಎರಡು ಸಾರಿಯ ಅಂಕಿಗಳನ್ನೂ ಗಾಡಿಯ ತೂಕದಿಂದ ಭಾಗಿಸಿ ನೋಡಲಿ.